ಕಾಣದ ರೋಗಿ, ಕಾಣದ ವೈದ್ಯ

ಹಳೆಯ ವಾರಪತ್ರಿಕೆಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತಿರುವಿ ನೋಡುವುದು ನನ್ನ ಅಭ್ಯಾಸ. ಕತೆ, ಕವಿತೆ, ವಿಮರ್ಶೆಗಳನ್ನು ದಾಟಿ ಕಣ್ಣು ಹೋಗಿ ನಿಲ್ಲುವುದು ವೈದ್ಯರ ಪ್ರಶ್ನೋತ್ತರದ ಪುಟದಲ್ಲಿ. ಸಾಹಿತ್ಯದ ವಿದ್ಯಾರ್ಥಿ ಎನಿಸಿಕೊಂಡವನು ಹೀಗೆ ಹೇಳಿಕೊಳ್ಳುವುದು ಘನತೆಯ ಮಾತಲ್ಲವೆಂದು ಬಲ್ಲೆ. ಆದರೆ ಕೇಳುಗರಲ್ಲಿ ಅನೇಕರು ಗುಟ್ಟಾಗಿ ಇದೇ ಕೆಲಸ ಮಾಡಿದವರು ಎಂಬ ನಂಬಿಕೆಯ ಮೇಲೆ ಮುಂದುವರಿಯುತ್ತೇನೆ. ಒಬ್ಬರಿಗೆ ಊಟವಾದೊಡನೆ ಎದೆಯುರಿ. ಒಬ್ಬರ ಮಗು ಮಣ್ಣು ತಿನ್ನುತ್ತದೆ. ಇನ್ನೊಬ್ಬರಿಗೆ ಕೂದಲು ಉದುರುತ್ತಿದೆ, ಮದುವೆ ಗೊತ್ತಾಗಿದೆ, ಏನು ಮಾಡಬೇಕು? ಎರಡು ಸಾಲು, ಕೆಳಗೆ ಮೂರು ಅಕ್ಷರ, ಒಂದು ಊರಿನ ಹೆಸರು. ನಮ್ಮ ಸಣ್ಣಕತೆಗಾರರು ಆರು ಪುಟಗಳಲ್ಲಿ ಸಾಧಿಸಲಾಗದ್ದು ಎಷ್ಟೋ ಬಾರಿ ಆ ಎರಡು ಸಾಲಿನಲ್ಲಿ ಇರುತ್ತದೆ.

ಉತ್ತರಗಳು ಮಾತ್ರ ಸಾಮಾನ್ಯವಾಗಿ ನೀರಸ. ಮಜ್ಜಿಗೆ ಕುಡಿಯಿರಿ, ಖಾರ ಬಿಡಿ, ಬೇಗ ಮಲಗಿ, ಹತ್ತಿರದ ವೈದ್ಯರಿಗೆ ತೋರಿಸಿ. ಇದನ್ನು ಹಾಸ್ಯ ಮಾಡುವುದು ಸುಲಭ, ನಾನೂ ಮಾಡಿದ್ದೇನೆ. ಆದರೆ ಉತ್ತರಿಸುವವನ ಪಾಡನ್ನು ನೆನೆಯಿರಿ. ಅವನು ನಾಡಿ ಹಿಡಿಯುವಂತಿಲ್ಲ, ನಾಲಗೆ ನೋಡುವಂತಿಲ್ಲ, ಹೊಟ್ಟೆ ಒತ್ತಿ ಪರೀಕ್ಷಿಸುವಂತಿಲ್ಲ. ಕೈಗೆ ಬಂದದ್ದು ನಾಲ್ಕು ಸಾಲಿನ ಕಾಗದ. ಆ ನಾಲ್ಕು ಸಾಲಿನಲ್ಲಿ ರೋಗಿ ಯಾವುದನ್ನು ಹೇಳದೆ ಬಿಟ್ಟಿದ್ದಾನೆ ಎಂಬುದು ಅವನಿಗೆ ತಿಳಿಯದು. ಹೀಗೆ ಹೇಳದೆ ಬಿಟ್ಟದ್ದರ ಸುತ್ತಲೇ ನನ್ನ ಇಂದಿನ ಮಾತು.

ದೂರದ ರೋಗಿಗೆ ವೈದ್ಯನು ಬರೆದು ಸಲಹೆ ಕೊಡುವ ಪದ್ಧತಿ ಹಳೆಯದು. 13ನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ತದ್ದೆಯೋ ಆಲ್ದೆರೊತ್ತಿಯು ಒಬ್ಬೊಬ್ಬ ರೋಗಿಯನ್ನು ಕುರಿತು ಬರೆದ ಸಲಹೆಗಳು ಗ್ರಂಥರೂಪದಲ್ಲಿ ಉಳಿದುಬಂದಿವೆ. ಆದರೆ ಕೇಳಿದವನ ಹೆಸರನ್ನು ಮರೆಸಿ, ಉತ್ತರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಅಚ್ಚುಹಾಕುವುದು ಬೇರೆಯೇ ವ್ಯವಹಾರ. ಅದನ್ನು ಒಂದು ವ್ಯಾಪಾರವಾಗಿ ನಡೆಸಿ ತೋರಿಸಿದವನು ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್. 1691ರಲ್ಲಿ ಅವನು ಹೊರಡಿಸಿದ 'ಅಥೇನಿಯನ್ ಮರ್ಕ್ಯುರಿ' ಎಂಬ ಹಾಳೆಯಲ್ಲಿ ದೇವರು, ದೆವ್ವ, ಮದುವೆ, ಗಣಿತ, ದೇಹ ಎಲ್ಲದರ ಮೇಲೂ ಯಾರು ಬೇಕಾದರೂ ಹೆಸರು ಹೇಳದೆ ಪ್ರಶ್ನೆ ಕಳುಹಿಸಬಹುದಿತ್ತು. ಹೆಂಗಸರೂ ಕೇಳಬಹುದೆಂದು ಅವನು ಬಾಯಿಬಿಟ್ಟು ಆಹ್ವಾನಿಸಿದ. ಉತ್ತರಿಸುವುದು ಒಂದು ವಿದ್ವನ್ಮಂಡಲಿ ಎಂಬ ಪ್ರಚಾರವಿತ್ತು. ನಿಜದಲ್ಲಿ ಮಂಡಲಿಯ ಮುಖ್ಯರು ಡಂಟನ್, ಒಬ್ಬ ಗಣಿತದ ಮೇಷ್ಟ್ರು ಮತ್ತು ಒಬ್ಬ ಪಾದ್ರಿ. ವೈದ್ಯರ ಮಾತಿರಲಿ, ಮದ್ದು ಅರೆದವರೂ ಅದರಲ್ಲಿರಲಿಲ್ಲ. ಆದರೂ ಹಾಳೆ 1697ರವರೆಗೆ ನಡೆಯಿತು. ಜನಕ್ಕೆ ಬೇಕಾಗಿದ್ದುದು ಉತ್ತರಕ್ಕಿಂತ ಹೆಚ್ಚಾಗಿ ಕೇಳುವುದಕ್ಕೊಂದು ಕಿಂಡಿ ಎಂದು ನನಗೆ ತೋರುತ್ತದೆ.

ನಿಜವಾದ ವೈದ್ಯನೊಬ್ಬ ಈ ಕೆಲಸಕ್ಕೆ ತನ್ನ ಆಯುಷ್ಯವನ್ನೇ ತೊಡಗಿಸಿದ್ದು ಅನಂತರದ ಶತಮಾನದಲ್ಲಿ, ಸ್ವಿಟ್ಜರ್ಲೆಂಡಿನ ಲೋಜಾನ್ ಪಟ್ಟಣದಲ್ಲಿ. ಅವನ ಹೆಸರು ಸ್ಯಾಮ್ಯುಯೆಲ್ ಆಗಸ್ಟ್ ತಿಸ್ಸೋ. 1728ರಲ್ಲಿ ಹುಟ್ಟಿ, ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಓದಿ ಬಂದವನು. 1761ರಲ್ಲಿ ಅವನು ಜನಸಾಮಾನ್ಯರ ಆರೋಗ್ಯವನ್ನು ಕುರಿತು ಒಂದು ಪುಸ್ತಕ ಬರೆದ. ಹಳ್ಳಿಗರಿಗೆ ಓದು ಬಾರದು ಎಂಬುದನ್ನು ಅವನು ಬಲ್ಲ. ಆದ್ದರಿಂದ ಪುಸ್ತಕವನ್ನು ಹಳ್ಳಿಯ ಪಾದ್ರಿ, ಜಮೀನುದಾರ, ಶಾಲೆಯ ಮೇಷ್ಟ್ರು ಇಂಥವರ ಕೈಗೆ ಕೊಟ್ಟು, ನೀವು ಓದಿ ಅವರಿಗೆ ಹೇಳಿ ಎಂದ. ಜ್ವರ ಬಂದವನ ಮೇಲೆ ಕಂಬಳಿ ಹೇರಿ, ಕಿಟಕಿ ಮುಚ್ಚಿ, ಬಿಸಿ ಮದ್ಯ ಕುಡಿಸಿ ಬೆವರಿಳಿಸುವ ರೂಢಿಯನ್ನು ಅವನು ಕಟುವಾಗಿ ಖಂಡಿಸಿದ. ಗಾಳಿ ಬಿಡಿ, ನೀರು ಕೊಡಿ ಎಂದ. ಪುಸ್ತಕ ಯೂರೋಪಿನ ಹಲವು ಭಾಷೆಗಳಿಗೆ ಹೋಯಿತು. ಅದರ ಹಿಂದೆಯೇ ಕಾಗದಗಳು ಬರತೊಡಗಿದವು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಲೋಜಾನಿನ ಗ್ರಂಥಾಲಯದಲ್ಲಿ ಭದ್ರವಾಗಿವೆ. ರೋಗಿಗಳೇ ಬರೆದವು ಕೆಲವು. ಗಂಡ ಹೆಂಡತಿಗಾಗಿ, ತಾಯಿ ಮಗನಿಗಾಗಿ, ಊರಿನ ವೈದ್ಯ ತನ್ನ ರೋಗಿಗಾಗಿ ಬರೆದವು ಹಲವು.

ಈ ರಾಶಿಯಲ್ಲಿ ಒಂದು ಕಾಗದದ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. 1787ರ ಏಪ್ರಿಲ್ 1ರಂದು ಕಾರ್ಸಿಕಾ ದ್ವೀಪದ ಅಜಾಚ್ಚೋ ಊರಿನಿಂದ ಹದಿನೇಳು ವರ್ಷದ ಒಬ್ಬ ಫಿರಂಗಿದಳದ ಅಧಿಕಾರಿ ತಿಸ್ಸೋಗೆ ಬರೆದ. ಅವನ ಮನೆಯ ಹಿರಿಯರೊಬ್ಬರು, ಚರ್ಚಿನಲ್ಲಿ ದೊಡ್ಡ ಸ್ಥಾನದಲ್ಲಿದ್ದವರು, ಸಂಧಿವಾತದಿಂದ ನರಳುತ್ತಿದ್ದರು. ಏನು ಮಾಡಬೇಕೆಂದು ಹುಡುಗ ಬಲು ವಿನಯದಿಂದ ಕೇಳಿದ್ದ. ತಿಸ್ಸೋ ಕಾಗದವನ್ನು ಓದಿದ. ಇದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲ, ಉತ್ತರ ಬರೆದಿಲ್ಲ ಎಂಬರ್ಥದ ಟಿಪ್ಪಣಿ ಹಾಕಿ ಪಕ್ಕಕ್ಕಿಟ್ಟ. ಬರೆದವನು ನೆಪೋಲಿಯನ್ ಬೋನಪಾರ್ಟೆ. 1797ರಲ್ಲಿ ತಿಸ್ಸೋ ತೀರಿಕೊಳ್ಳುವ ಹೊತ್ತಿಗೆ ಆ ಹುಡುಗ ಇಟಲಿಯನ್ನು ಗೆದ್ದು ನಿಂತಿದ್ದ. ತಮ್ಮ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಪತ್ರಿಕೆಗಳ ಮೇಲೆ ಕೋಪಿಸಿಕೊಳ್ಳುವ ನಮ್ಮ ವಾಚಕರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು.

ಆದರೆ ತಿಸ್ಸೋನ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಔಷಧಗಳದಲ್ಲ. ವೈದ್ಯರಿಗೆ ಕಾಗದ ಬರೆಯುವವರು ಕಡ್ಡಾಯವಾಗಿ ಉತ್ತರಿಸಬೇಕಾದ ಪ್ರಶ್ನೆಗಳ ಒಂದು ಪಟ್ಟಿಯನ್ನು ಅವನು ಅದರಲ್ಲಿ ಸೇರಿಸಿದ್ದಾನೆ. ಕೇಳಬೇಕಾದವನು ವೈದ್ಯ, ಹೇಳಬೇಕಾದವನು ರೋಗಿ ಎಂಬ ಮೂಲಕ್ರಮವನ್ನು ಅಂಚೆಯ ಮೂಲಕವೂ ಉಳಿಸಿಕೊಳ್ಳುವ ಉಪಾಯವಿದು. ವಯಸ್ಸೆಷ್ಟು, ಮೊದಲು ಆರೋಗ್ಯ ಹೇಗಿತ್ತು, ಬದುಕಿನ ಕ್ರಮವೇನು, ರೋಗ ಎಂದು ಹೇಗೆ ತೊಡಗಿತು, ಜ್ವರವುಂಟೆ, ನೋವು ಎಲ್ಲಿ, ಬಾಯಾರಿಕೆ ಹೇಗಿದೆ, ನಿದ್ದೆ, ಹಸಿವು, ಮಲ, ಮೂತ್ರ ಹೇಗಿವೆ, ಹೀಗೆ ಸಾಗುತ್ತದೆ. ಕೊನೆಗೆ ಮಕ್ಕಳಿಗೆ ಬೇರೆ ಪ್ರಶ್ನೆಗಳು: ಹಲ್ಲು ಎಷ್ಟು ಬಂದಿವೆ, ಸಿಡುಬು ಆಗಿದೆಯೆ, ಜಂತುಹುಳುವುಂಟೆ. ಹೆಂಗಸರಿಗೂ ಬೇರೆ ಪ್ರಶ್ನೆಗಳು: ಮುಟ್ಟು ಕ್ರಮವಾಗಿದೆಯೆ, ಗರ್ಭಿಣಿಯೆ. ಇವನ್ನು ಬರೆಯಲು ಸಂಕೋಚವಾಗುತ್ತದೆಂದು ತಿಸ್ಸೋಗೆ ತಿಳಿಯದಿರಲಿಲ್ಲ. ತಿಳಿದೇ ಅಚ್ಚುಹಾಕಿಸಿದ. ಅಚ್ಚಾದ ಪ್ರಶ್ನೆಗೆ ಉತ್ತರ ಬರೆಯುವುದು, ತಾನಾಗಿ ವಿಷಯವನ್ನು ಎತ್ತಿ ಹೇಳುವುದಕ್ಕಿಂತ ಎಷ್ಟೋ ಸುಲಭ.

ಕಾಗದದ ಜಾಗಕ್ಕೆ ಧ್ವನಿ ಬಂದದ್ದು ನಮ್ಮ ಈ ಬಾನುಲಿಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಬಿ.ಬಿ.ಸಿ.ಯ 'ಕಿಚನ್ ಫ್ರಂಟ್' ಎಂಬ ಬೆಳಗಿನ ಕಾರ್ಯಕ್ರಮದಲ್ಲಿ 'ರೇಡಿಯೋ ಡಾಕ್ಟರ್' ಎಂಬೊಬ್ಬರ ತುಂಬುಕಂಠ ಕೇಳತೊಡಗಿತು. ವೈದ್ಯರು ತಮ್ಮನ್ನು ತಾವು ಪ್ರಚಾರ ಮಾಡಿಕೊಳ್ಳಬಾರದೆಂಬ ವೃತ್ತಿನಿಯಮದಿಂದಾಗಿ ಅವರ ಹೆಸರನ್ನು ಹೇಳುತ್ತಿರಲಿಲ್ಲ. ಚಾರ್ಲ್ಸ್ ಹಿಲ್ ಎಂಬುದು ಅವರ ಹೆಸರು. ರೊಟ್ಟಿ ಮೆಲ್ಲುತ್ತ ಕುಳಿತ ಸಭ್ಯ ಕುಟುಂಬಗಳಿಗೆ ಅವರು ಮಲಬದ್ಧತೆಯ ವಿಷಯವನ್ನು ತಿಂಡಿಯ ಹೊತ್ತಿನಲ್ಲಿಯೇ ನೇರವಾಗಿ ಹೇಳುತ್ತಿದ್ದರು. ಅದಕ್ಕೆ ಮದ್ದಾದ ಒಣಗಿದ ಪ್ಲಮ್ ಹಣ್ಣುಗಳನ್ನು ಅವರು ಕರಿಕೋಟಿನ ನೌಕರರು ಎಂದು ಕರೆದದ್ದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಹೊಟ್ಟೆಯ ಮಾತನ್ನು ನಗುತ್ತ ಆಡಬಹುದೆಂದು ಒಂದು ಇಡೀ ದೇಶಕ್ಕೆ ಕಲಿಸಿದವರು ಅವರು. ಮುಂದೆ 1967ರಲ್ಲಿ ಅವರು ಅದೇ ಬಿ.ಬಿ.ಸಿ.ಯ ಅಧ್ಯಕ್ಷರಾದರು.

ನಮ್ಮಲ್ಲಿ ಬಾನುಲಿಗೆ ಹಾದಿ ಹಾಕಿದವರು ವೈದ್ಯರಲ್ಲವಾದರೂ ಮನಸ್ಸಿನ ವಿದ್ಯೆಯವರು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದೇ. ಬರವಣಿಗೆಯಲ್ಲಂತೂ ಕನ್ನಡದ ವೈದ್ಯರು ಹಿಂದೆ ಬೀಳಲಿಲ್ಲ. 'ಕೊರವಂಜಿ'ಯನ್ನು 1942ರಲ್ಲಿ ಆರಂಭಿಸಿದ ರಾಶಿ, ಎಂದರೆ ಡಾ. ಎಂ. ಶಿವರಾಂ, ನಗಿಸಿದಷ್ಟೇ ಶ್ರದ್ಧೆಯಿಂದ ಮನಸ್ಸಿನ ಕಾಯಿಲೆಗಳನ್ನೂ ತಿಳಿಯಹೇಳಿದರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ಡಾ. ಅನುಪಮಾ ನಿರಂಜನ. ಕಾದಂಬರಿಗಾರ್ತಿಯಾಗಿ ಅವರನ್ನು ಎಷ್ಟು ಮೆಚ್ಚಬೇಕೆಂಬುದರಲ್ಲಿ ವಿಮರ್ಶಕರಿಗೆ ಭಿನ್ನಾಭಿಪ್ರಾಯ ಇರಬಹುದು. 'ತಾಯಿ-ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಇವು ಹೆಣ್ಣುಮಕ್ಕಳ ಕೈಯಿಂದ ಕೈಗೆ ಸಾಗಿದ ರೀತಿಯನ್ನು ಕಂಡವನಾಗಿ ನನಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಓದುಬಲ್ಲ ಹೆಂಗಸಿಗೆ ತನ್ನ ದೇಹದ ಸಂಗತಿ ತನ್ನ ಭಾಷೆಯಲ್ಲಿ, ಇನ್ನೊಬ್ಬ ಹೆಂಗಸಿನ ಬಾಯಿಂದ ದೊರೆಯಿತು.

ಓದುಬಾರದವರ ಗತಿ? ಇಲ್ಲಿ ನನ್ನದೇ ಒಂದು ನೆನಪನ್ನು ಹೇಳಬೇಕಾಗಿದೆ.

1966-67ರ ಮಾತು. ತಾಲೂಕು ಕೇಂದ್ರವಾದ ಒಂದು ಸಣ್ಣ ಊರು. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ಎರಡೇ ಮನೆಯಲ್ಲಿ, ಒಂದು ನಮ್ಮದು. ಮಧ್ಯಾಹ್ನದ ಮಹಿಳಾ ಕಾರ್ಯಕ್ರಮದ ಹೊತ್ತಿಗೆ ನಡುಮನೆ ತುಂಬುತ್ತಿತ್ತು. ಹದಿನೈದು ದಿನಕ್ಕೊಮ್ಮೆ ವೈದ್ಯರೊಬ್ಬರು ಕೇಳುಗರ ಕಾಗದಗಳಿಗೆ ಉತ್ತರ ಹೇಳುತ್ತಿದ್ದರು. ಹಿಂದಿನ ಮನೆಯಾಕೆಯನ್ನು ನಾವು ಅತ್ತೆ ಎನ್ನುತ್ತಿದ್ದೆವು, ನೆಂಟಸ್ತಿಕೆಯೇನೂ ಇರಲಿಲ್ಲ. ಒಂದು ದಿನ ಆಕೆ ಸೆರಗಿನ ಗಂಟಿನಿಂದ ಚಿಲ್ಲರೆ ಬಿಚ್ಚಿಕೊಟ್ಟು ಇನ್‌ಲ್ಯಾಂಡ್ ಕಾಗದ ತರಿಸಿದರು. ಕಾರ್ಡು ಬೇಡ, ಅಂಚೆಯವನು ಓದಿಬಿಡುತ್ತಾನೆ. ಹಿತ್ತಿಲ ಜಗಲಿಯಲ್ಲಿ ಕೂರಿಸಿ, 'ಬರಿಯಪ್ಪ, ನಿನ್ನ ಅಕ್ಷರ ದುಂಡಗಿದೆ' ಎಂದರು.

ನಾನು ಬರೆದೆ. ವಯಸ್ಸು ಐವತ್ತೆರಡು. ಕೆಳಹೊಟ್ಟೆಯಲ್ಲಿ ನೋವು, ಸೊಂಟನೋವು, ಸುಸ್ತು. ಊಟ ಸೇರದು. ಆಮೇಲೆ ಅತ್ತೆ ನಿಲ್ಲಿಸಿದರು. ಹಿತ್ತಿಲ ಕರಿಬೇವಿನ ಗಿಡವನ್ನು ನೋಡುತ್ತ ಕುಳಿತರು. 'ಇನ್ನೇನು ಬರೀಲಿ ಅತ್ತೆ?' ಎಂದೆ. ಬಾಯಿ ತೆರೆದರು, ನನ್ನ ಮುಖ ನೋಡಿದರು. 'ಒಳಗಿಂದ ಒಂದು ಲೋಟ ನೀರು ತಗೊಂಡು ಬಾ ಮಗು' ಎಂದರು. ನೀರು ತಂದುಕೊಟ್ಟಾಗ, 'ಇಷ್ಟೇ. ಸಾಕು. ಮಡಿಸಿ ಅಂಟಿಸು' ಎಂದರು.

ಆರೇಳು ವಾರವಾದ ಮೇಲೆ ಉತ್ತರ ಬಂತು. ನನ್ನ ವಾಕ್ಯಗಳು ರೇಡಿಯೋದಿಂದ ಹೊರಬಂದುದನ್ನು ಕೇಳಿ ನಾನು ಹಿಗ್ಗಿಹೋದೆ. ಉಷ್ಣದ ಪದಾರ್ಥ, ಖಾರ, ಹುಳಿ ಕಡಮೆ ಮಾಡಿ, ಮಜ್ಜಿಗೆ ಹೆಚ್ಚು ಬಳಸಿ, ವಿಶ್ರಾಂತಿ ಪಡೆಯಿರಿ, ಗುಣವಾಗದಿದ್ದರೆ ವೈದ್ಯರಿಗೆ ತೋರಿಸಿ ಎಂದರು. ಅತ್ತೆ ಇದನ್ನು ವ್ರತದಂತೆ ಪಾಲಿಸಿದರು, ಕೊನೆಯ ವಾಕ್ಯವೊಂದನ್ನು ಬಿಟ್ಟು. ವರ್ಷ ಕಳೆಯುವ ಹೊತ್ತಿಗೆ ಏಳಲಾಗದ ಸ್ಥಿತಿಯಲ್ಲಿ ಅವರನ್ನು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಮುಂದಿನ ಮಾಘದಲ್ಲಿ ತೀರಿಕೊಂಡರು.

ಬಹಳ ವರ್ಷಗಳ ಮೇಲೆ, ನನಗೆ ಮದುವೆಯಾದ ಬಳಿಕ, ಅಮ್ಮ ಒಮ್ಮೆ ಹೇಳಿದಳು. ಅತ್ತೆಗೆ ಮುಟ್ಟು ನಿಂತು ಮೂರು ವರ್ಷವಾಗಿತ್ತಂತೆ. ನಿಂತದ್ದು ಮತ್ತೆ ಕಾಣಿಸಿಕೊಂಡಿತ್ತಂತೆ; ಕಾಗದ ಬರೆಸಿದ ದಿನಕ್ಕೆ ಅದಾಗಿ ನಾಲ್ಕು ತಿಂಗಳು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಮೊದಲು ಕೇಳಿದ್ದು ಅದನ್ನೇ. ಗರ್ಭಕೋಶದ ಬಾಯಿಯ ಕ್ಯಾನ್ಸರು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಬೇಕೆಂಬುದು ಯಾವ ವೈದ್ಯರಿಗೂ ಗೊತ್ತಿದ್ದ ವಿಷಯ. ಆ ಕ್ಯಾನ್ಸರನ್ನು ಮೊಳಕೆಯಲ್ಲೇ ಗುರುತಿಸುವ ಪರೀಕ್ಷೆಯನ್ನು ಅಮೆರಿಕದಲ್ಲಿ ಪಾಪನಿಕೊಲಾವ್ ಎಂಬ ವೈದ್ಯ 1943ರಲ್ಲಿಯೇ ಗ್ರಂಥರೂಪದಲ್ಲಿ ವಿವರಿಸಿದ್ದ. ನಮ್ಮ ಊರಿಗೆ ಅದು ಬಂದಿರಲಿಲ್ಲ. ಬಾನುಲಿಯ ವೈದ್ಯರನ್ನು ನಾನು ದೂರಲಾರೆ. ಅವರನ್ನು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟರು. ಅವರಿಗೆ ತಲುಪಿದ ಪ್ರಶ್ನೆ ಅತ್ತೆಯದಾಗಿರಲಿಲ್ಲ. ಹನ್ನೆರಡು ವರ್ಷದ ಗಂಡುಹುಡುಗನೊಬ್ಬನ ಎದುರಿಗೆ ಹೇಳಬಹುದಾದಷ್ಟು ಪ್ರಶ್ನೆ ಮಾತ್ರ ಅದು.

ಬೀದಿಯಲ್ಲಿ ಬರೆಯಬಲ್ಲ ಹೆಣ್ಣುಮಗಳು ಒಬ್ಬಳೂ ಇರಲಿಲ್ಲವೆ ಎಂದು ನೀವು ಕೇಳಬಹುದು. ಇದ್ದಳು. ನನ್ನ ಅಕ್ಕ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಮದುವೆಯಾಗದ ಹುಡುಗಿಯ ಕೈಯಲ್ಲಿ ಇಂಥದನ್ನು ಬರೆಸುವುದು ಹೇಗೆ ಎಂದು ಅತ್ತೆ ಅಮ್ಮನೊಡನೆ ಅಂದಿದ್ದರಂತೆ. ಅಮ್ಮನಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

ತಿಸ್ಸೋನ ಪುಸ್ತಕದ ಇಂಗ್ಲಿಷ್ ಅನುವಾದ ನನ್ನ ಕೈಗೆ ಬಂದದ್ದು ನಿವೃತ್ತಿಯ ಅನಂತರ. ಪ್ರಶ್ನೆಗಳ ಪಟ್ಟಿಯಲ್ಲಿ ಹೆಂಗಸರ ಭಾಗಕ್ಕೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಲೋಜಾನಿನಲ್ಲಿ ಸಾವಿರ ಕಾಗದ ಉಳಿದಿವೆ. ನಾನು ಬರೆದ ಆ ಒಂದು ಕಾಗದ ಎಲ್ಲಿ ಹೋಯಿತೋ. ಅದರ ರೂಪ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕೊನೆಯ ಸಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು. ಹಾಗೆ ಬಿಟ್ಟರೆ ಚೆಂದ ಕಾಣದೆಂದು, ಅತ್ತೆಯನ್ನು ಕೇಳದೆಯೇ, ನಾನು ಅಲ್ಲೊಂದು ಹೂಬಳ್ಳಿ ಬರೆದಿದ್ದೆ.