ಪಿರಮಿಡ್ಡಿನ ತಳದ ಸಾಲು

ಜನವರಿ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶಾಲೆಗಳ ಬಯಲಿನಲ್ಲಿ ಲೇಜಿಮಿನ ಝಣಝಣ, ಪಿ.ಟಿ. ಮಾಸ್ತರರ ಸೀಟಿ ಒಟ್ಟೊಟ್ಟಿಗೆ ಕೇಳತೊಡಗುತ್ತವೆ. ಗಣರಾಜ್ಯೋತ್ಸವದ ಕವಾಯತು ಒಂದು ಕಡೆ, ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಕುಣಿತ ಇನ್ನೊಂದು ಕಡೆ. ಎರಡರಲ್ಲೂ ಪಿರಮಿಡ್ ಇರಲೇಬೇಕು, ತುದಿಯಲ್ಲಿ ಹಗುರ ಮೈಯ ಹುಡುಗಿಯೊಬ್ಬಳು ಧ್ವಜ ಹಿಡಿದು ನಿಲ್ಲಲೇಬೇಕು. ಊರವರ ಕಣ್ಣೆಲ್ಲ ಅವಳ ಮೇಲೆ. ನನ್ನ ಕಣ್ಣು ತಳದ ಸಾಲಿಗೆ ಹೋಗುತ್ತದೆ. ಹುಕ್ಕೇರಿ ತಾಲೂಕಿನ ಹಳ್ಳಿಯೊಂದರಲ್ಲಿ ಆ ಸಾಲಿನಲ್ಲಿ ಮೊಣಕಾಲು, ಅಂಗೈ ಊರಿ ನಿಂತಿದ್ದ ಏಳನೇ ಇಯತ್ತೆಯ ಹುಡುಗನೊಬ್ಬ ಎದ್ದ ಕೂಡಲೇ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ತಿರುವಿದ. ಅಂಗೈಯಲ್ಲಿ ಗರಸಿನ ಹರಳು ಒತ್ತಿದ ಕೆಂಪು ಗುರುತು. "ಸರ, ಇಲ್ಲೆ ನೋಯಾಕತ್ತೈತ್ರಿ" ಅಂದ. ಮಾಸ್ತರರು ಮಕ್ಕಳ ಮೇಲೆ ಜೀವ ಇಟ್ಟವರೇ. "ಏನಾಗಂಗಿಲ್ಲ ತಮ್ಮಾ, ಇನ್ನೊಮ್ಮೆ ಮಾಡೂನು" ಅಂದರು. ಅದು ಆ ದಿನದ ಹನ್ನೊಂದನೆಯ ಸಲ. ನಾನು ಎಣಿಸಿದ್ದೆ.

ಇಂಥದೇ ಪಿರಮಿಡ್ ಕಟ್ಟುವ ಚಿಯರ್‌ಲೀಡಿಂಗ್ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದು 2008ರ ಐಪಿಎಲ್ ಜೊತೆಗೆ, ಬೌಂಡರಿ ಗೆರೆಯ ಆಚೆ ಕುಣಿಯುವವರ ಹೆಸರಾಗಿ. ಅಮೆರಿಕದ ಶಾಲೆಗಳಲ್ಲಿ ಅದು ಲಾಗ ಹೊಡೆಯುವ, ಒಬ್ಬರನ್ನೊಬ್ಬರು ಎತ್ತಿ ಹಿಡಿಯುವ, ಪಿರಮಿಡ್ ಕಟ್ಟುವ ಕಠಿಣ ಆಟ. ಅದನ್ನು ಬರೀ ಮನರಂಜನೆ ಎಂದು ನೋಡದೆ ಆಟವೆಂದೇ ಪರಿಗಣಿಸಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಆಟವೆಂದು ಒಪ್ಪಿದರೆ ತರಬೇತಾದ ಕೋಚ್, ಮೆತ್ತನೆಯ ಹಾಸು, ವೈದ್ಯರ ತಪಾಸಣೆ ತಾವಾಗಿ ಬರುತ್ತವೆ ಎಂಬುದು ಅವರ ಲೆಕ್ಕ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಆಟದ ಒಕ್ಕೂಟಕ್ಕೆ ಪೂರ್ಣ ಮನ್ನಣೆ ಕೊಟ್ಟಿತು. ನಮ್ಮ ಗ್ಯಾದರಿಂಗಿನ ಪಿರಮಿಡ್ಡಿಗೆ ಅಂಥ ಮನ್ನಣೆ ಇಲ್ಲ, ಆದರೆ ಮೈ ಮಾಡುವ ಕೆಲಸ ಅದೇ.

ಮಕ್ಕಳ ಮೈಯನ್ನು ಹದಗೊಳಿಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅದು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ಮಾಡುತ್ತದೆ. ಅವರ ವ್ಯಾಯಾಮ ಯಾವುದು, ಊಟ ಯಾವುದು ಎಂದೂ ಹೇಳುತ್ತದೆ. ಎಲ್ಲರಿಗೂ ಒಂದೇ ಅಳತೆ ಸಲ್ಲದು ಎಂಬ ತಿಳಿವಳಿಕೆ ಆಗಲೇ ಇತ್ತು. ಆಮೇಲೆ 19ನೇ ಶತಮಾನದ ಆರಂಭದಲ್ಲಿ ಎರಡನೆಯ ಬಾಜೀರಾಯ ಪೇಶ್ವೆಯ ಗುರು ಬಾಳಂಭಟ್ಟ ದೇವಧರ ಮಲ್ಲಗಂಬಕ್ಕೆ ಮತ್ತೆ ಜೀವ ಕೊಟ್ಟರು. ಮಲ್ಲಗಂಬ ಇವತ್ತು ತಾನೇ ಒಂದು ಆಟ, 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೊ ಇಂಡಿಯಾ ಯುವ ಕ್ರೀಡಾಕೂಟಕ್ಕೂ ಸೇರಿತು. ಮೂಲದಲ್ಲಿ ಅದು ಕುಸ್ತಿಪಟುವಿಗೆ ಪೂರಕ ಸಾಧನೆ. ಜೊತೆಗಾರನ ಮೈ ಮೇಲೆ ಹಾಕಬೇಕಾದ ಪಟ್ಟುಗಳನ್ನು ಹರಳೆಣ್ಣೆ ಸವರಿದ ನುಣುಪು ಕಂಬದ ಮೇಲೆ ಹಾಕಿ ಹಿಡಿತ, ಬಾಗುವಿಕೆ, ಸಮತೋಲ ಕಲಿಯುತ್ತಿದ್ದರು. ಒಂದು ಆಟಕ್ಕಾಗಿ ಇನ್ನೊಂದನ್ನು ಕಲಿಯುವ ಈ ಜಾಣತನವನ್ನೇ ನಾವು ನಡುದಾರಿಯಲ್ಲಿ ಕಳೆದುಕೊಂಡೆವು ಎನ್ನುವುದು ನನ್ನ ತಕರಾರು.

ಹುಕ್ಕೇರಿ, ಸಂಕೇಶ್ವರಗಳ ಕುಸ್ತಿಯ ಗಾಳಿ ಬೀಸುವುದು ಕೊಲ್ಹಾಪುರದ ಕಡೆಯಿಂದ. ಶಾಹು ಮಹಾರಾಜರ ಆಸರೆಯಲ್ಲಿ ಅಲ್ಲಿ ತಾಲೀಮುಗಳು ಬೆಳೆದವು, 1912ರಲ್ಲಿ ಖಾಸಬಾಗ ಮೈದಾನ ಎದ್ದಿತು. ನಮ್ಮ ಹಳ್ಳಿಗಳ ತಾಲೀಮುಗಳಲ್ಲೂ ಅದೇ ಕ್ರಮ. ನಸುಕಿನಲ್ಲಿ ಹುಡುಗ ಮೊದಲು ಗುದ್ದಲಿ ಹಿಡಿದು ಕೆಮ್ಮಣ್ಣು ಕಡಿಯುತ್ತಾನೆ. ಎಣ್ಣೆ, ಮಜ್ಜಿಗೆ, ಅರಿಸಿಣ ಕೂಡಿಸಿದ ಆ ಮಣ್ಣು ಹತ್ತಿಯಂತೆ ಮೆತ್ತಗಾಗುವ ಹೊತ್ತಿಗೆ ಅವನ ಬೆನ್ನು, ಭುಜ ಬೆಚ್ಚಗಾಗಿರುತ್ತವೆ. ಆಮೇಲೆ ದಂಡ, ಬೈಠಕ್, ಹಗ್ಗ ಹತ್ತುವುದು, ಕರೇಲಾ ಎಂಬ ಮರದ ಗದೆ ತಿರುವುವುದು. ಕೊನೆಗೆ ಜೋರು, ಅಂದರೆ ಜೊತೆಗಾರನೊಂದಿಗೆ ಕುಸ್ತಿಯ ಅಭ್ಯಾಸ. ಮೈ ನೊಂದವನಿಗೆ ಕುಸ್ತಿ ಕಲಿಸುವ ವಸ್ತಾದರು "ಇವತ್ತ ಜೋರ ಬ್ಯಾಡ, ಮಣ್ಣಷ್ಟ ಕಡಿ" ಅನ್ನುತ್ತಿದ್ದರು. ಅದು ಕೆಲಸವೂ ಹೌದು, ಬಿಡುವೂ ಹೌದು. ಖುರಾಕಿನ ಕಡೆಗೂ ಅಷ್ಟೇ ಲಕ್ಷ್ಯ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಬದಾಮಿ ಸೇರಿದ ಗೋಕಾಕದ ಕರದಂಟು ಪೇಟೆಯ ಪೆಟ್ಟಿಗೆಗೆ ಬರುವ ಮೊದಲು ಬಾಣಂತಿಯರ, ಪೈಲ್ವಾನರ ಬಾಯಿಗೆ ಬೀಳುತ್ತಿದ್ದ ತಿನಿಸು.

ತಾಲೀಮನ್ನು ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಸಾವಿರ ಬೈಠಕ್ ಹೊಡೆದವನೇ ಗಂಡಸು ಎಂಬ ಹಟವೂ ಅಲ್ಲಿತ್ತು. ಹನ್ನೆರಡರ ಹುಡುಗನಿಗೂ ಅದೇ ಎಣಿಕೆ ಕೊಟ್ಟವರಿದ್ದರು. ನಲವತ್ತಕ್ಕೇ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವ ಹಳೆಯ ಪೈಲ್ವಾನರನ್ನು ಈ ಭಾಗದಲ್ಲಿ ಯಾರು ನೋಡಿಲ್ಲ? ಹೆಣ್ಣುಮಕ್ಕಳಿಗಂತೂ ಆ ಬಾಗಿಲು ತೆರೆದಿರಲೇ ಇಲ್ಲ.

ಆ ಬಾಗಿಲು ಸ್ವಲ್ಪ ಸರಿದದ್ದು ಸ್ವಾತಂತ್ರ್ಯ ಚಳವಳಿಯಲ್ಲಿ. ಡಾ. ನಾ.ಸು. ಹರ್ಡೀಕರ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಗೋಕಾಕ ತಾಲೂಕಿನ ಘಟಪ್ರಭಾ ಅವರ ಕರ್ಮಭೂಮಿಯಾಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ನೂರಕ್ಕೂ ಮಿಕ್ಕಿ ಸ್ವಯಂಸೇವಕಿಯರನ್ನು ಅಣಿಗೊಳಿಸಿದರು. ಹೆಂಗಸರು ಸಾಲಾಗಿ ನಿಂತು ಶಿಸ್ತಿನಿಂದ ಹೆಜ್ಜೆ ಹಾಕಿದ್ದನ್ನು ಈ ಸೀಮೆ ಕಂಡಿತು. ಅದೇ ಘಟಪ್ರಭೆಯಲ್ಲಿ ಡಾ. ಜಿ.ಆರ್. ಕೊಕಟನೂರರ ದುಡಿಮೆಯಿಂದ ಕರ್ನಾಟಕ ಆರೋಗ್ಯಧಾಮವೂ ತಲೆಯೆತ್ತಿತು. ಕವಾಯತು ಕಲಿಸುವವರು, ಮೈ ನೋಡುವ ವೈದ್ಯರು ಒಂದೇ ಊರಿನಲ್ಲಿದ್ದರು. ಇವತ್ತಿನ ಎಷ್ಟೋ ಶಾಲೆಗಳಿಗೆ ಆ ನೆರೆಹೊರೆ ಇಲ್ಲ.

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ಆ ಕಡೆಯ ಲೇಜಿಮು ನಮ್ಮ ಶಾಲೆಗಳಲ್ಲೂ ಬೇರೂರಿತು. ಮರದ ಹಿಡಿಕೆ, ಕಬ್ಬಿಣದ ಸರಪಳಿ, ಬಿಲ್ಲೆಗಳು. ಬಗ್ಗುವುದು, ಕೂರುವುದು, ತಿರುಗುವುದು, ಜಿಗಿಯುವುದು, ಎಲ್ಲವೂ ಹಲಗಿಯ ತಾಳಕ್ಕೆ. ಮಕ್ಕಳಿಗೆ ಇದಕ್ಕಿಂತ ಸರ್ವಾಂಗದ ಆಟ ಸಿಗುವುದು ಕಷ್ಟ. ಆದರೆ ವರ್ಷವಿಡೀ ಗೋಡೆಗೆ ತೂಗಿದ ಲೇಜಿಮನ್ನು ಜನವರಿಯ ಮೂರು ವಾರ ದಿನಕ್ಕೆ ಮೂರು ತಾಸು ಆಡಿಸಿದರೆ ಅದೇ ಒಳ್ಳೆಯ ಆಟ ಮೊಣಕಾಲಿಗೆ ಮುಳ್ಳಾಗುತ್ತದೆ.

ಮುಂದಿನ ತಿರುವು ಪಂದ್ಯಗಳದ್ದು. ನಮ್ಮ ಮೂರೂ ತಾಲೂಕು ಸೇರುವುದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ. ಮಳೆಗಾಲದ ನಡುವಿನಿಂದ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲ ಮೇಲೆ ಮೆಟ್ಟಿಲು. ಚುರುಕಿನ ಹುಡುಗಿಯೊಬ್ಬಳು ಸಿಕ್ಕರೆ ಖೊ-ಖೊ ಅವಳೇ, ಉದ್ದಜಿಗಿತ ಅವಳೇ, ರಿಲೇಯ ಕೊನೆಯ ಓಟವೂ ಅವಳದೇ. ಇನ್ನು ಕೆಲವೆಡೆ ಐದನೇ ಇಯತ್ತೆಗೇ ಒಂದೇ ಆಟ ಹಿಡಿಸಿ ವರ್ಷಪೂರ್ತಿ ಅದನ್ನೇ ಮಾಡಿಸುತ್ತಾರೆ. ನೋಡಲು ಇವೆರಡೂ ಒಂದಕ್ಕೊಂದು ವಿರುದ್ಧ, ನೋವು ಮಾತ್ರ ಒಂದೇ. ಖೊ ಸಿಕ್ಕಾಗ ಪುಟಿದೇಳುವ ಮೊಣಕಾಲೂ, ಮರಳಿನ ಗುಂಡಿಗೆ ಜಿಗಿಯಲು ನೆಲ ಒದೆಯುವ ಮೊಣಕಾಲೂ ಅದೇ. ಅದಕ್ಕೆ ರಜೆ ಸಿಗುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯ ಮೊದಲ ಖೊ-ಖೊ ವಿಶ್ವಕಪ್ಪನ್ನು ನಮ್ಮ ಗಂಡು, ಹೆಣ್ಣು ಎರಡೂ ತಂಡ ಗೆದ್ದ ಮೇಲೆ ಹಳ್ಳಿಯ ಮಕ್ಕಳ ಕನಸಿಗೆ ರೆಕ್ಕೆ ಬಂದಿದೆ. ಅದು ಬರಲಿ. ಆ ಕನಸನ್ನು ಹೊರುವ ಮೊಣಕಾಲನ್ನು ಕಾಯುವುದು ನಮ್ಮ ಪಾಲಿನ ಕೆಲಸ.

ಆಡುವ ಮಕ್ಕಳ ಈ ನೋವನ್ನು ವೈದ್ಯರು ತುಂಡುತುಂಡಾಗಿ ಅರಿತರು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಎಲುಬಾಗಿ ಗಟ್ಟಿಗೊಳ್ಳದ ಮೃದ್ವಸ್ಥಿಯ ಪದರವಿರುತ್ತದೆ. ದೊಡ್ಡವರಲ್ಲಿ ಸ್ನಾಯುರಜ್ಜು ನೋಯುವ ಕಡೆ ಮಕ್ಕಳಲ್ಲಿ ಈ ಪದರವೇ ಜಗ್ಗಿ ಉಬ್ಬುತ್ತದೆ. ಮೊಣಚಿಪ್ಪಿನ ಎರಡು ಬೆರಳು ಕೆಳಗೆ ಏಳುವ ನೋವಿನ ಗಂಟನ್ನು 1903ರಲ್ಲಿ ಬಾಸ್ಟನ್ನಿನ ಆಸ್‌ಗುಡ್, ಜ್ಯೂರಿಕ್‌ನ ಶ್ಲಾಟರ್ ಒಬ್ಬರಿಗೊಬ್ಬರು ತಿಳಿಯದೆ ವಿವರಿಸಿದರು. ಹಿಮ್ಮಡಿಯ ನೋವನ್ನು 1912ರಲ್ಲಿ ಸೆವರ್ ಗುರುತಿಸಿದರು. 1976ರಲ್ಲಿ ಅಮೆರಿಕದಲ್ಲಿ 100 ಎಳೆಯ ಜಿಮ್ನಾಸ್ಟ್ ಹುಡುಗಿಯರ ಬೆನ್ನಿನ ಎಕ್ಸ್‌ರೇ ತೆಗೆದಾಗ 11 ಮಂದಿಯ ಸೊಂಟದ ಕೊನೆಯ ಮಣಿಯಲ್ಲಿ ಬಿರುಕು ಕಂಡಿತು. ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸುವ ಪ್ರತಿ ಕಸರತ್ತೂ ಆ ಮಣಿಯ ಮೇಲೆ ಬೀಳುತ್ತದೆ. ಮಲ್ಲಗಂಬ ಕಲಿಸುವವರು, ಗ್ಯಾದರಿಂಗಿಗೆ ಕುಣಿತ ಕಲಿಸುವವರು ಈ ಲೆಕ್ಕವನ್ನು ನೆನಪಿಡಲಿ ಎಂದು ಕೈಮುಗಿದು ಕೇಳುತ್ತೇನೆ.

ಹಾಗಿದ್ದರೆ ಎಷ್ಟು ಆಡಿಸಬೇಕು? ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಎರಡು ಮೂರು ತಿಂಗಳು ಮಗು ಆಡುವ ಆಟದಿಂದ ಬಿಡುವು ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರು 2007ರಲ್ಲಿ ಹೇಳಿದರು. 2015ರಲ್ಲಿ ಶಿಕಾಗೊ ಕಡೆಯ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನ ಇನ್ನೂ ಸರಳವಾದ ಅಳತೆ ಕೊಟ್ಟಿತು. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ತರಬೇತಿ ಬೇಡ. ಹನ್ನೊಂದು ವರ್ಷದವಳಿಗೆ ಹನ್ನೊಂದು ಗಂಟೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2008ರ ನಾರ್ವೆಯ ಪ್ರಯೋಗ. 13ರಿಂದ 17ರ ವಯಸ್ಸಿನ 1,892 ಫುಟ್‌ಬಾಲ್ ಹುಡುಗಿಯರಲ್ಲಿ ಒಂದು ಗುಂಪಿಗೆ ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಒಂಟಿಕಾಲಲ್ಲಿ ನಿಲ್ಲುವುದು, ಜಿಗಿದು ಸರಿಯಾಗಿ ಇಳಿಯುವುದು, ಹೊಟ್ಟೆ ಬಿಗಿಹಿಡಿಯುವುದು ಮುಂತಾದವನ್ನು ಮಾಡಿಸಿದರು. ಒಂದೇ ಅಂಗವನ್ನು ಮತ್ತೆ ಮತ್ತೆ ದುಡಿಸುವುದರಿಂದ ಆಗುವ ಅತಿಬಳಕೆಯ ಗಾಯ ಆ ಗುಂಪಿನಲ್ಲಿ ಸುಮಾರು ಅರ್ಧಕ್ಕಿಳಿಯಿತು. ಯಂತ್ರ ಬೇಡ, ರೊಕ್ಕ ಬೇಡ. ಗುದ್ದಲಿಯಿಂದ ಮಣ್ಣು ಕಡಿಸುತ್ತಿದ್ದ ವಸ್ತಾದರ ನೆನಪಾಯಿತು.

ಪಿರಮಿಡ್ಡಿನ ಎತ್ತರದ ಪ್ರಶ್ನೆ ನೆರೆಯ ಮಹಾರಾಷ್ಟ್ರದಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ದಹಿಹಂಡಿಯ ಮಾನವ ಗೋಪುರ 20 ಅಡಿ ಮೀರಬಾರದು, 18 ವರ್ಷದೊಳಗಿನವರು ಹತ್ತಬಾರದು ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿತ್ತು. 2017ರಲ್ಲಿ ಆ ಬಿಗಿ ಸಡಿಲಾಗಿ 14 ವರ್ಷದೊಳಗಿನವರಿಗಷ್ಟೇ ನಿಷೇಧ ಉಳಿಯಿತು. ಶಾಲೆಯ ಪಿರಮಿಡ್ಡಿಗೆ ಕೋರ್ಟು ಬೇಕಿಲ್ಲ. ಎರಡು ಅಂತಸ್ತು ಸಾಕು, ಕೆಳಗೆ ಹಾಸು ಇರಲಿ, ತಳದ ಸಾಲಿನವರು ದಿನವೂ ಬದಲಾಗಲಿ.

ಹುಡುಗಿಯರ ಮಾತು ಬಂದಾಗ ಹೊಟ್ಟೆಯ ಮಾತನ್ನೂ ಆಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಖಾಲಿ ಹೊಟ್ಟೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಬರುವವಳ ಎಲುಬಿಗೆ ನಿನ್ನೆಯ ಪೆಟ್ಟನ್ನು ಬೆಸೆಯಲು ಸರಕು ಎಲ್ಲಿಂದ ಬರಬೇಕು? ಶಾಲೆಯ ಮೊಟ್ಟೆ, ಬಾಳೆಹಣ್ಣು ಈಗಿನ ಖುರಾಕು. ಅದರಲ್ಲಿ ಹುಡುಗಿಯ ಪಾಲು ಅವಳ ಹೊಟ್ಟೆಗೇ ಸೇರಲಿ.

ಮಲ್ಲಗಂಬ ಕುಸ್ತಿಗೆ ನೆರವಾದ ಹಾಗೆ ಒಂದು ಆಟದ ಬೇರು ಇನ್ನೊಂದಕ್ಕೆ ಇಂದಿಗೂ ನೀರುಣಿಸುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ ಜೂಡೊ ಕಲಿತವರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಕುರಾಶ್ ಎಂಬ ಇನ್ನೊಂದು ಬಗೆಯ ಕುಸ್ತಿಯಲ್ಲಿ.

ಮೂಡಲಗಿ ಕಡೆಯ ಶಾಲೆಯೊಂದರ ಆಟದ ಕೋಣೆಯಲ್ಲಿ ಬಾಗಿಲ ಪಕ್ಕದ ಗೋಡೆಗೆ ಪೆನ್ಸಿಲ್ ಗೆರೆಗಳಿವೆ. ಅಲ್ಲಿನ ಶಿಕ್ಷಕಿ ಪ್ರತಿ ತಿಂಗಳ ಮೊದಲ ಸೋಮವಾರ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತಿಸುತ್ತಾರೆ. ಮೈ ಸರ್ರನೆ ಬೆಳೆಯುವ ತಿಂಗಳುಗಳಲ್ಲೇ ಎಲುಬು ಸ್ನಾಯುವನ್ನು ಹಿಂದೆ ಬಿಟ್ಟು ಓಡುತ್ತದೆ, ಜಗ್ಗಾಟ ಹೆಚ್ಚುತ್ತದೆ ಎಂದು ಅವರಿಗೆ ಗೊತ್ತು. ಖೊ-ಖೊ ತಂಡದ ಹುಡುಗಿಯೊಬ್ಬಳ ಹೆಸರಿನ ಮುಂದೆ ಜುಲೈನಲ್ಲಿ 142, ಅಕ್ಟೋಬರಿನಲ್ಲಿ 145 ಎಂದಿತ್ತು. "ಯವ್ವಾ, ಈ ತಿಂಗಳು ನೀ ಜಿಗಿಯೂದು ಬ್ಯಾಡ" ಅಂದರು ಅವರು. ಹುಡುಗಿಯ ಮುಖ ಸಣ್ಣದಾಯಿತು. ಶಿಕ್ಷಕಿ ಮೂಲೆಯಿಂದ ಹಲಗಿ ತಂದು ಅವಳ ಕೈಗಿಟ್ಟರು. ಹೊರಗೆ ಲೇಜಿಮಿನ ಸಾಲು ನಿಂತಿತ್ತು. ತಾಳ ಹಿಡಿಯಲು ಅವಳು ಬಿಸಿಲಿಗೆ ಓಡಿದಳು.