ಸಿದ್ದಿ ಮಹಿಳೆಯರ ಹಾಡು ಮತ್ತು ಬೆಂಗಳೂರಿನ ಮಾಧ್ಯಮಲೋಕ: ಒಂದು ಚಾರಿತ್ರಿಕ ಅವಲೋಕನ

ಆಫ್ರಿಕಾ ಮೂಲದ ಸಿದ್ದಿ ಸಮುದಾಯ ಶತಮಾನಗಳಿಂದ ಕರ್ನಾಟಕದಲ್ಲಿ ನೆಲೆಸಿದೆ. ಅದರ ಹಾಡು, ಕುಣಿತ ಮತ್ತು ಹಿರಿಯರ ನೆನಪನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರಲ್ಲಿ ಮಹಿಳೆಯರ ಪಾಲು ದೊಡ್ಡದು. ಆದರೂ ಅವರ ದನಿ ರಾಜಧಾನಿಯ ಮಾಧ್ಯಮಗಳನ್ನು ತಲುಪಲು ಬಹುಕಾಲ ಹಿಡಿಯಿತು. ಬೆಂಗಳೂರಿನ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಕಡಲಾಚೆಯ ಕಪ್ಪು ಸಂಗೀತಗಾರರ ಹೆಸರುಗಳನ್ನು ಮೊದಲೇ ಅರಿತಿತ್ತು. ತನ್ನದೇ ರಾಜ್ಯದ ಕಪ್ಪು ಗಾಯಕಿಯರ ಹೆಸರು ಅದಕ್ಕೆ ತಿಳಿದದ್ದು ತೀರ ಈಚೆಗೆ. ಈ ಅಂತರ ಹೇಗೆ ಉಂಟಾಯಿತು, ಯಾವ ಹಂತಗಳಲ್ಲಿ ಕಡಿಮೆಯಾಯಿತು ಎಂಬುದೇ ಈ ಲೇಖನದ ವಿಷಯ.

ಮೂಲ ಮತ್ತು ನೆಲೆ

ಹಿಂದೂ ಮಹಾಸಾಗರದ ವ್ಯಾಪಾರದ ಮಾರ್ಗಗಳಲ್ಲಿ ಆಫ್ರಿಕಾದ ಜನರು ಭಾರತದ ಪಶ್ಚಿಮ ಕರಾವಳಿಗೆ ಬಂದದ್ದು ನಾನಾ ಬಗೆಯಲ್ಲಿ. ಕೆಲವರು ನಾವಿಕರಾಗಿ, ಕೆಲವರು ಸೈನಿಕರಾಗಿ ಬಂದರು. ಬಹಳ ಜನ ಗುಲಾಮರಾಗಿ ಬಂದರು. ದಖ್ಖನ್ನಿನ ಸುಲ್ತಾನರ ಆಸ್ಥಾನಗಳಲ್ಲಿ ಆಫ್ರಿಕಾ ಮೂಲದವರು ಸೇನಾಪತಿ, ಮಂತ್ರಿ ಪದವಿಗಳಿಗೆ ಏರಿದರು. ಅಹ್ಮದ್‌ನಗರದ ಮಲಿಕ್ ಅಂಬರ್ ಮತ್ತು ಬಿಜಾಪುರದ ಇಖ್ಲಾಸ್ ಖಾನ್ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಉತ್ತರ ಕನ್ನಡದ ಸಿದ್ದಿಗಳ ಚರಿತ್ರೆ ಬೇರೆ ಬಗೆಯದು. ಅವರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವಾದಲ್ಲಿ ಗುಲಾಮಗಿರಿಯಲ್ಲಿದ್ದು, ಅಲ್ಲಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆ ಹೊಂದಿ ಪಶ್ಚಿಮ ಘಟ್ಟದ ಕಾಡು ಸೇರಿದವರ ಸಂತತಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳಲ್ಲಿಯೂ ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿಯೂ ಸಿದ್ದಿಗಳಿದ್ದಾರೆ. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರುಂಟು. ಊರು ಮತ್ತು ನೆರೆಹೊರೆಗೆ ತಕ್ಕಂತೆ ಕೊಂಕಣಿ, ಕನ್ನಡ, ಉರ್ದು, ಮರಾಠಿ ಆಡುತ್ತಾರೆ. ಧರ್ಮ, ಭಾಷೆ ಬೇರೆಯಾದರೂ ಹಿರಿಯರ ಪೂಜೆ ಮತ್ತು ದಮಾಮಿ ಕುಣಿತ ಇವರನ್ನು ಒಂದುಗೂಡಿಸುತ್ತವೆ.

ದಮಾಮಿ ಮತ್ತು ಹೆಂಗಸರ ಹಾಡು

ದಮಾಮ ಎಂಬುದು ಎರಡೂ ಬದಿಗೆ ಚರ್ಮ ಬಿಗಿದ ವಾದ್ಯ. ಅದರ ನುಡಿತಕ್ಕೆ ಹೆಂಗಸರು, ಗಂಡಸರು ಹಾಡುತ್ತ ಹೆಜ್ಜೆ ಹಾಕುವುದೇ ದಮಾಮಿ. ಮದುವೆ, ಹಬ್ಬ, ಹಿರಿಯರ ಪೂಜೆಗಳಲ್ಲಿ ಇದು ನಡೆಯುತ್ತದೆ. ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿದು ಮುಂದುವರಿಸುವ ಕ್ರಮ ಇಲ್ಲಿಯದು. ಹೀಗಾಗಿ ಹಾಡು ಯಾರೊಬ್ಬರ ಸ್ವತ್ತೂ ಆಗಿ ಉಳಿಯುವುದಿಲ್ಲ. ಹೇಳುವವರು ಸಂದರ್ಭಕ್ಕೆ ತಕ್ಕ ಸಾಲು ಸೇರಿಸುತ್ತಾರೆ, ಕೇಳಿದವರು ಅದನ್ನು ತಮ್ಮ ಊರಿಗೆ ಒಯ್ಯುತ್ತಾರೆ. ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣು ತವರಿನ ಹಾಡನ್ನು ಜೊತೆಗೇ ಕೊಂಡೊಯ್ಯುವುದರಿಂದ, ಚದುರಿದ ಕಾಡಿನ ಹಳ್ಳಿಗಳ ನಡುವೆ ಹಾಡು ಹರಡುವ ಮುಖ್ಯ ದಾರಿ ಅವಳೇ.

ಈ ಸಾಮೂಹಿಕ ಗುಣವೇ ಮುಂದೆ ಸಿದ್ದಿ ಹೆಂಗಸರಿಗೆ ತೊಡಕೂ ಆಯಿತು. ಧ್ವನಿಮುದ್ರಣ, ಆಕಾಶವಾಣಿ, ಸಿನಿಮಾ ಇವೆಲ್ಲ ಒಬ್ಬ ಕಲಾವಿದೆಯ ಹೆಸರನ್ನು ಕೇಳುತ್ತವೆ. ಹಾಡಿದವರು ಯಾರು ಎಂದು ಬರೆದಿಡದೆ ಹೋದಾಗ ಹಾಡು ‘ಸಿದ್ದಿ ಜನಪದ’ ಎಂಬ ಒಂದೇ ತಲೆಬರಹದಡಿ ಸೇರಿ, ಹಾಡಿದಾಕೆ ಮರೆಯಾಗುತ್ತಾಳೆ.

ದಂಡು ಪ್ರದೇಶ ಅರಿತ ಕಪ್ಪು ದನಿಗಳು

ಬೆಂಗಳೂರಿನ ಕಂಟೋನ್ಮೆಂಟ್ 1809ರಲ್ಲಿ ಆರಂಭವಾದದ್ದು. ಹಲಸೂರಿನ ಕೆರೆಯಿಂದ ಇಂದಿನ ಶಿವಾಜಿನಗರದವರೆಗೆ ಹಬ್ಬಿದ ಈ ಪ್ರದೇಶ, ಪೇಟೆಯ ಬೆಂಗಳೂರಿಗಿಂತ ಬೇರೆಯದೇ ಸಂಗೀತವನ್ನು ಕೇಳುತ್ತ ಬೆಳೆಯಿತು. ಸೈನ್ಯದ ಬ್ಯಾಂಡು, ಇಗರ್ಜಿಯ ಗಾಯನವೃಂದ, ಕ್ಲಬ್ಬುಗಳ ನೃತ್ಯಸಂಜೆಗಳ ಮೂಲಕ ಪಾಶ್ಚಾತ್ಯ ಸಂಗೀತ ಇಲ್ಲಿ ನೆಲೆಗೊಂಡಿತು. 1930ರ ದಶಕದಲ್ಲಿ ಅಮೆರಿಕದ ಕಪ್ಪು ಜಾಸ್ ವಾದಕರು ಮುಂಬಯಿ, ಕಲ್ಕತ್ತೆಯ ಹೋಟೆಲುಗಳಲ್ಲಿ ನುಡಿಸುತ್ತಿದ್ದರು. ಲಿಯಾನ್ ಆಬಿಯ ತಂಡ 1935ರಲ್ಲಿ ಮುಂಬಯಿಯ ತಾಜ್ ಹೋಟೆಲಿಗೆ ಬಂದಿತ್ತು. ಗ್ರಾಮಫೋನ್ ತಟ್ಟೆ ಮತ್ತು ರೇಡಿಯೊ ಈ ಸಂಗೀತವನ್ನು ಇತರ ನಗರಗಳಿಗೂ ತಲುಪಿಸಿದವು.

ಆ ಸಂಗೀತದ ಚರಿತ್ರೆಯಲ್ಲಿ ಕಪ್ಪು ಮಹಿಳೆಯರದು ಮೊದಲ ಸಾಲು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ತಟ್ಟೆಯ ಅಪಾರ ಮಾರಾಟ, ಕಪ್ಪು ಗಾಯಕಿಯರ ದನಿಗೆ ಮಾರುಕಟ್ಟೆ ಇದೆ ಎಂಬುದನ್ನು ಅಮೆರಿಕದ ಕಂಪನಿಗಳಿಗೆ ತೋರಿಸಿತು. ಬೆಸ್ಸಿ ಸ್ಮಿತ್ ಮೊದಲಾದವರಿಗೆ ದಾರಿ ತೆರೆದದ್ದು ಅದೇ. ಶಾಸ್ತ್ರೀಯ ಗಾಯಕಿ ಮರಿಯನ್ ಆ್ಯಂಡರ್ಸನ್‌ಗೆ 1939ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಹಾಡಲು ವರ್ಣಭೇದದ ಕಾರಣ ಅವಕಾಶ ನಿರಾಕರಿಸಿದಾಗ, ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಬಯಲಿನಲ್ಲಿ ಹಾಡಿದರು. 1957ರ ಏಷ್ಯಾ ಪ್ರವಾಸದಲ್ಲಿ ಅವರು ಭಾರತಕ್ಕೂ ಬಂದರು.

ಬೆಳ್ಳಿತೆರೆಯ ಚಿತ್ರ ಬೇರೆಯಿತ್ತು. 1936ರಲ್ಲಿ ಸೌತ್ ಪೆರೇಡ್‌ನಲ್ಲಿ, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಆರಂಭವಾದ ಪ್ಲಾಜಾದಂಥ ಚಿತ್ರಮಂದಿರಗಳು ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದವು. ಆ ಕಾಲದ ಹಾಲಿವುಡ್‌ನಲ್ಲಿ ಕಪ್ಪು ನಟಿಗೆ ಸಿಗುತ್ತಿದ್ದದ್ದು ಬಹುಪಾಲು ಮನೆಗೆಲಸದವಳ ಪಾತ್ರ. 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆ ಗೌರವ ಬಂದದ್ದೂ ಅಂಥ ಪಾತ್ರಕ್ಕೇ. ಹೀಗೆ ದಂಡು ಪ್ರದೇಶದ ಕೇಳುಗ, ನೋಡುಗರಿಗೆ ಕಪ್ಪು ಮಹಿಳೆಯೆಂದರೆ ದೂರದ ಅಮೆರಿಕದವಳು. ಇಂದು ಇದೇ ರಾಜ್ಯಕ್ಕೆ ಸೇರಿರುವ ಉತ್ತರ ಕನ್ನಡದ ಕಾಡಿನಲ್ಲಿ ಅದೇ ಆಫ್ರಿಕಾದ ಬೇರಿನ ಹೆಂಗಸರು ಹಾಡುತ್ತಿದ್ದಾರೆಂಬ ಅರಿವು ನಗರದ ಸಾರ್ವಜನಿಕ ಬದುಕಿನಲ್ಲಿ ಇರಲಿಲ್ಲ.

ದಾಖಲೆಗೆ ಬಂದ ಸಮುದಾಯ

ಸಿದ್ದಿಗಳ ಕುರಿತ ವ್ಯವಸ್ಥಿತ ಅಧ್ಯಯನ 1970ರ ದಶಕದಲ್ಲಿ ಕಾಣಿಸಿಕೊಂಡಿತು. ಟಿ.ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಬರೆದ ಮಾನವಶಾಸ್ತ್ರೀಯ ಗ್ರಂಥ 1976ರಲ್ಲಿ ಹೊರಬಂತು. ಇದಾದ ಎಂಟು ವರ್ಷಗಳ ಬಳಿಕ ಬೆಂಗಳೂರಿನ ದಂಡು ಪ್ರದೇಶವೇ ಈ ಚರಿತ್ರೆಯೊಳಗೆ ಬರುತ್ತದೆ. ಸೇಂಟ್ ಮಾರ್ಕ್ಸ್ ರಸ್ತೆಯ ‘ಆಶೀರ್ವಾದ್’ನಲ್ಲಿದ್ದ ಅನೌಪಚಾರಿಕ ಮತ್ತು ನಿರಂತರ ಶಿಕ್ಷಣ ಕೇಂದ್ರವು 1984ರಲ್ಲಿ ಸಿಪ್ರಿಯನ್ ಹೆನ್ರಿ ಲೋಬೊ ಅವರ ವರದಿಯನ್ನು ಪ್ರಕಟಿಸಿತು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕು ಎಂಬ ವಾದವನ್ನು ಆಧಾರಸಹಿತ ಮಂಡಿಸಿದ ವರದಿ ಅದು. ಬೇಡಿಕೆ ಈಡೇರಲು ಸುಮಾರು ಎರಡು ದಶಕ ಬೇಕಾಯಿತು: 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ, 2020ರಲ್ಲಿ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ ಈ ಮಾನ್ಯತೆ ದೊರೆಯಿತು. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.

ಮಾನ್ಯತೆಯ ಈ ಹೋರಾಟಕ್ಕೂ ಸಂಗೀತಕ್ಕೂ ಹತ್ತಿರದ ನಂಟಿದೆ. ಬುಡಕಟ್ಟು ಎಂದು ಗುರುತಿಸಲು ಸರ್ಕಾರ ನೋಡುವ ಅಂಶಗಳಲ್ಲಿ ಪ್ರತ್ಯೇಕ ಸಂಸ್ಕೃತಿಯೂ ಒಂದು. ಮೂರು ಧರ್ಮ, ಹಲವು ಭಾಷೆಗಳಲ್ಲಿ ಹಂಚಿಹೋದ ಜನ ಒಂದೇ ಸಮುದಾಯ ಎಂಬುದಕ್ಕೆ ಹಿರಿಯರ ಪೂಜೆ, ಹಾಡು, ಕುಣಿತಗಳೇ ಕಣ್ಣಿಗೆ ಕಾಣುವ ಪುರಾವೆ. ಆ ಪುರಾವೆಯನ್ನು ಜೀವಂತವಾಗಿ ಇರಿಸಿದವರಲ್ಲಿ ಹೆಂಗಸರು ಮುಖ್ಯರು.

ಹೊರಗಿನ ಲೋಕ ಸಿದ್ದಿ ಹೆಣ್ಣಿನ ಕಲೆಯನ್ನು ಗುರುತಿಸಿದ್ದು ಕೌದಿಯ ಮೂಲಕವೂ ಹೌದು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವರು ಹೊಲಿಯುವ ಕೌದಿಗಳ ಪ್ರದರ್ಶನ 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ನಡೆಯಿತು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದರ ಹಿಂದಿದ್ದವರು. ಕಪ್ಪು ಅಮೆರಿಕನ್ನರ ಚರಿತ್ರೆ ಮತ್ತು ಸಂಸ್ಕೃತಿಯ ಹೆಸರಾಂತ ಸಂಗ್ರಹಾಲಯದಲ್ಲಿ ಉತ್ತರ ಕನ್ನಡದ ಹೆಂಗಸರ ಕೆಲಸ ತೂಗಿದ್ದು, ಎರಡು ಖಂಡಗಳ ಆಫ್ರಿಕಾ ಸಂತತಿಯ ಮಹಿಳೆಯರನ್ನು ಒಂದೇ ಚರಿತ್ರೆಯೊಳಗೆ ಇರಿಸಿತು.

ರಂಗಭೂಮಿ ತೆರೆದ ದಾರಿ

ಸಿದ್ದಿ ಕಲಾವಿದರು ಕನ್ನಡದ ಸಾಂಸ್ಕೃತಿಕ ಲೋಕಕ್ಕೆ ಬಂದದ್ದು ರಂಗಭೂಮಿಯ ಮೂಲಕ. ಇಲ್ಲಿ ಹೆಗ್ಗೋಡಿನ ನೀನಾಸಂ ಪಾತ್ರ ಹಿರಿದು. 1949ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. ಅದೇ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯ ಸಿದ್ದಿಗಳೊಂದಿಗೆ ನಾಟಕ ಕಟ್ಟಿದರು. ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಅದಕ್ಕೆ ಆಧಾರ. ಬಿಳಿಯರ ಆಳ್ವಿಕೆಗೆ ಸಿಕ್ಕ ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು, ಆಫ್ರಿಕಾದಿಂದ ಬಂದವರ ಮಕ್ಕಳು ಕನ್ನಡದಲ್ಲಿ ಆಡಿದರು. ತಮ್ಮ ಮೂಲದ ಬಗ್ಗೆ ಹೊರಗಿನವರ ಬರಹದಲ್ಲಷ್ಟೇ ಇದ್ದ ಮಾತು ಹೀಗೆ ಸಮುದಾಯದವರ ಬಾಯಲ್ಲೇ ಬಂತು.

ಮುಂದೆ ಮಂಚೀಕೇರಿಯ ಸುತ್ತಿನಿಂದ ಹಲವರು ನೀನಾಸಂನಲ್ಲಿ ಕಲಿತರು. ಅವರಲ್ಲಿ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ಸಂಗೀತ ಹಾಗೂ ಅಭಿನಯದಲ್ಲಿ ಹೆಸರು ಮಾಡಿದ ಕಲಾವಿದೆಯರು. ಗಿರಿಜಾ ಸಿದ್ದಿ ಹಿಂದೂಸ್ತಾನಿ ಗಾಯನವನ್ನೂ ಅಭ್ಯಾಸ ಮಾಡಿದವರು. ಈ ಅಭ್ಯಾಸಕ್ಕೆ ಚಾರಿತ್ರಿಕ ತೂಕವಿದೆ. ಧಾರವಾಡ ಸೀಮೆಯಲ್ಲಿ ಗಂಗೂಬಾಯಿ ಹಾನಗಲ್ ಅವರಂಥ ಹಿರಿಯರು ಹಿಂದುಳಿದ ಸಮುದಾಯದ ಹೆಣ್ಣಿಗೂ ಶಾಸ್ತ್ರೀಯ ಸಂಗೀತದ ಶಿಖರ ಎಟಕುವಂಥದು ಎಂದು ತೋರಿಸಿದ್ದರು. ಸಿದ್ದಿ ಹೆಣ್ಣು ಆ ಪರಂಪರೆಯ ವಿದ್ಯಾರ್ಥಿನಿಯಾದಾಗ, ‘ಸಿದ್ದಿಗಳೆಂದರೆ ಕುಣಿತ’ ಎಂಬ ಸಂಕುಚಿತ ನೋಟ ತಾನಾಗಿ ಸಡಿಲವಾಯಿತು.

ಸಿನಿಮಾ ಹಾಡಿನ ಮೂಲಕ ರಾಜಧಾನಿಗೆ

ಬೆಂಗಳೂರು ಮತ್ತು ಆಫ್ರಿಕಾ ಮೂಲದವರ ಸಂಬಂಧ 21ನೆಯ ಶತಮಾನದಲ್ಲಿ ಹೊಸ ರೂಪ ಪಡೆಯಿತು. ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ಇಲ್ಲಿನ ಕಾಲೇಜುಗಳಿಗೆ ಬಂದು, ನಗರದ ಪೂರ್ವ ಮತ್ತು ಈಶಾನ್ಯದ ಕೊತ್ತನೂರು, ಹೆಣ್ಣೂರು, ಬಾಣಸವಾಡಿ ಭಾಗಗಳಲ್ಲಿ ನೆಲೆಸಿದರು. ಈ ಸಹವಾಸ ಯಾವಾಗಲೂ ಸೌಹಾರ್ದದ್ದಾಗಿರಲಿಲ್ಲ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯಲ್ಲಿ, ಬೇರೊಬ್ಬರ ಕಾರಿನಿಂದಾದ ಅಪಘಾತಕ್ಕೆ ಸಂಬಂಧವೇ ಇರದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಹಲ್ಲೆ ನಡೆಸಿತು. ದೇಶವೆಲ್ಲ ಚರ್ಚಿಸಿದ ಈ ಘಟನೆ, ಕಪ್ಪು ಮಹಿಳೆಯನ್ನು ನಗರ ಎಂಥ ಕಣ್ಣಿನಿಂದ ನೋಡುತ್ತದೆ ಎಂಬ ಪ್ರಶ್ನೆಯನ್ನು ಮಾಧ್ಯಮಗಳ ಮುಂದಿಟ್ಟಿತು.

ಐದು ವರ್ಷಗಳ ಬಳಿಕ ಸಿನಿಮಾ ಹಾಡೊಂದು ಬೇರೊಂದು ಚಿತ್ರ ಕೊಟ್ಟಿತು. ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ, 2021ರಲ್ಲಿ ಬಿಡುಗಡೆಯಾದ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಷ್ಯಾ’ ಹಾಡಿಗೆ ಸಂಗೀತ ಸಂಯೋಜಿಸಿದವರು ಚರಣ್ ರಾಜ್. ಸಿದ್ದಿ ಜನಪದದ ಧಾಟಿಯ ಈ ಹಾಡಿನಲ್ಲಿ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ದನಿಗೂಡಿಸಿದರು. ದೃಶ್ಯದಲ್ಲೂ ಸಿದ್ದಿ ಕಲಾವಿದರು ಕಾಣಿಸಿಕೊಂಡರು. ಬೆಂಗಳೂರಿನ ಭೂಗತಲೋಕದ ಕಥೆಯುಳ್ಳ ಚಿತ್ರಕ್ಕೆ ಕಾಡಿನ ಸಮುದಾಯದ ಹಾಡು ಪ್ರಚಾರಗೀತೆಯಾಗಿ ಬಂದದ್ದು, ಅದು ಜನರ ಬಾಯಲ್ಲಿ ನಲಿದದ್ದು ಕನ್ನಡ ಚಿತ್ರಸಂಗೀತದಲ್ಲಿ ಹೊಸ ಸಂಗತಿ. ಜನಪದ ಧಾಟಿಗಳನ್ನು ಸಿನಿಮಾ ಹಿಂದಿನಿಂದಲೂ ಬಳಸಿದೆ; ಅವನ್ನು ಹಾಡುತ್ತಿದ್ದವರು ಬಹುಪಾಲು ವೃತ್ತಿಪರ ಹಿನ್ನೆಲೆ ಗಾಯಕರು. ಈ ಹಾಡಿನಲ್ಲಿ ಸಮುದಾಯದ ಹೆಂಗಸರೇ ಹಾಡಿದರು, ಅವರ ಹೆಸರೂ ಹಾಡಿನೊಂದಿಗೆ ಉಳಿಯಿತು. ಮೇಮಿ ಸ್ಮಿತ್‌ಳ ತಟ್ಟೆ ಅಮೆರಿಕದಲ್ಲಿ ಮಾಡಿದ ಕೆಲಸಕ್ಕೆ ಕರ್ನಾಟಕದ ಮಟ್ಟಿಗೆ ಹತ್ತಿರದ ಹೋಲಿಕೆ ಇದೇ.

ಸಿದ್ದಿ ಬದುಕನ್ನೇ ವಸ್ತುವಾಗಿಸಿದ ಚಿತ್ರವೂ ಬಂತು. ಜಯನ್ ಚೆರಿಯನ್ ನಿರ್ದೇಶನದ ‘ರಿದಮ್ ಆಫ್ ದಮ್ಮಾಮ್’ ಉತ್ತರ ಕನ್ನಡದಲ್ಲಿ ಸಿದ್ದಿ ಕಲಾವಿದರೊಂದಿಗೆ ಚಿತ್ರೀಕರಣಗೊಂಡು, 2024ರಲ್ಲಿ ಗೋವಾದ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಪೂರ್ವಿಕರ ಗುಲಾಮಗಿರಿಯ ನೆನಪು ಮತ್ತು ದಮಾಮದ ನಾದ ಆ ಚಿತ್ರದ ಜೀವಾಳ.

ರಾಜ್ಯದ ಗೌರವ

2023ರ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿಗಳ ಜಾನಪದ ವಿಭಾಗದಲ್ಲಿ ಉತ್ತರ ಕನ್ನಡದ ಹುಸೇನಾಬಿ ಬುಡೆನ್ ಸಾಬ್ ಸಿದ್ದಿ ಅವರ ಹೆಸರಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಐವತ್ತು ವರ್ಷ ತುಂಬಿದ ಸಂದರ್ಭ ಅದು. ಮುಸ್ಲಿಂ ಸಿದ್ದಿ ಮಹಿಳೆಯೊಬ್ಬರು ಕನ್ನಡ ನಾಡಿನ ಜಾನಪದದ ಪ್ರತಿನಿಧಿಯಾಗಿ ಗೌರವ ಪಡೆದದ್ದು, ಈ ಸಂಸ್ಕೃತಿ ನಾಡಿನ ಒಳಗಿನದೇ ಎಂದು ಸರ್ಕಾರ ಬರೆದುಕೊಟ್ಟ ಮಾತಿನಂತಿದೆ. ಇದೇ ಜಿಲ್ಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. ಓದುಬರಹಕ್ಕಿಂತ ನೆನಪನ್ನೇ ನೆಚ್ಚಿ ಹಾಡಿನ ಭಂಡಾರ ಕಾಯ್ದ ಹೆಂಗಸರನ್ನು ವಿದ್ವತ್ತಿನ ಸಾಲಿನಲ್ಲಿ ಕೂರಿಸುವ ಈ ಕ್ರಮ ಸ್ವಾಗತಾರ್ಹ.

ಮುಂದಿನ ಅಧ್ಯಯನ

ಈ ಚರಿತ್ರೆಯಲ್ಲಿ ಮೂರು ಘಟ್ಟಗಳು ಸ್ಪಷ್ಟವಾಗಿವೆ. ಮೊದಲನೆಯದರಲ್ಲಿ ಸಿದ್ದಿ ಹೆಣ್ಣು ತನ್ನವರಿಗಾಗಿ ಹಾಡಿದಳು, ಹೊರಗಿನವರು ಕೇಳಲಿಲ್ಲ. ಎರಡನೆಯದರಲ್ಲಿ ಸಂಶೋಧಕರು ಸಮುದಾಯವನ್ನು ದಾಖಲಿಸಿದರು, ಹಾಡಿದವಳ ಹೆಸರು ಹಿಂದೆ ಉಳಿಯಿತು. ಮೂರನೆಯದರಲ್ಲಿ ರಂಗಭೂಮಿ, ಸಿನಿಮಾ ಮತ್ತು ಪ್ರಶಸ್ತಿಗಳ ಮೂಲಕ ಕಲಾವಿದೆ ತನ್ನ ಹೆಸರಿನಿಂದಲೇ ಪರಿಚಿತಳಾದಳು. ಇನ್ನು ಬರಬೇಕಾದದ್ದು ಸಿದ್ದಿ ಮಹಿಳೆಯರೇ ತಮ್ಮ ಹಾಡುಗಳನ್ನು ಸಂಗ್ರಹಿಸಿ, ಅರ್ಥೈಸಿ, ಪ್ರಕಟಿಸುವ ಘಟ್ಟ. ಅಮೆರಿಕದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ತನ್ನ ಜನರ ಕಥೆ, ಆಚರಣೆಗಳನ್ನು ತಾನೇ ಕಲೆಹಾಕಿ 1935ರಲ್ಲಿ ‘ಮ್ಯೂಲ್ಸ್ ಆ್ಯಂಡ್ ಮೆನ್’ ಪ್ರಕಟಿಸಿದ್ದು ಇದಕ್ಕೆ ಒಳ್ಳೆಯ ಮಾದರಿ.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ನಾಡಿನಲ್ಲಿವೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ, ದಂಡು ಪ್ರದೇಶದ ಅಂಚಿನ ರಾಜಭವನ ರಸ್ತೆಯ ಬೆಂಗಳೂರು ಆಕಾಶವಾಣಿ, ಜೆ.ಸಿ. ನಗರದ ದೂರದರ್ಶನ, ಜಾನಪದ ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಕೈಜೋಡಿಸಿದರೆ ಸಿದ್ದಿ ಹಾಡಿನ ಸಮಗ್ರ ಧ್ವನಿಭಂಡಾರ ಕಟ್ಟುವುದು ಸಾಧ್ಯ. ಪ್ರತಿ ಹಾಡಿನ ಜೊತೆ ಹಾಡಿದವರ ಹೆಸರು, ಊರು, ಹಾಡುವ ಸಂದರ್ಭ, ಭಾಷೆ ದಾಖಲಾಗಬೇಕು. ಹಾಡು ಸಿನಿಮಾಕ್ಕೋ ಜಾಹೀರಾತಿಗೋ ಬಳಕೆಯಾದಾಗ ಗೌರವಧನ ಕಲಾವಿದೆಗೂ ಆಕೆಯ ಸಮುದಾಯಕ್ಕೂ ಸಲ್ಲಬೇಕು. ಕರ್ನಾಟಕದ ಕಪ್ಪು ಮಹಿಳೆಯರ ಸಂಗೀತಕ್ಕೆ ಸಲ್ಲುವ ನಿಜವಾದ ಗೌರವ ಅದು.