ಕಾಲೇಜಿನ ನಿಯಮ, ಜೂನಿಯರ್ ಲೀಗುಗಳ ಪೈಪೋಟಿ: ಅಮೆರಿಕದ ಐಸ್ ಹಾಕಿಯ ಅರ್ಧ ಶತಮಾನ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ವರ್ಷಕ್ಕೊಮ್ಮೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಡ್ರಾಫ್ಟ್ ಎಂದು ಕರೆಯುವುದು ಇದನ್ನೇ. 1983ರ ಡ್ರಾಫ್ಟ್‌ನ ಮೊದಲ ಐವರಲ್ಲಿ ಮೂವರು ಅಮೆರಿಕನ್ನರಿದ್ದರು. ಮೊದಲನೆಯವನಾಗಿ ಆಯ್ಕೆಯಾದ ಬ್ರಯನ್ ಲಾಟನ್ ರೋಡ್ ಐಲೆಂಡ್‌ನ ಮೌಂಟ್ ಸೇಂಟ್ ಚಾರ್ಲ್ಸ್ ಹೈಸ್ಕೂಲಿನ ಹುಡುಗ. ಐದನೆಯವನಾದ ಗೋಲ್‌ಕೀಪರ್ ಟಾಮ್ ಬರಾಸೊ ಮ್ಯಾಸಚೂಸೆಟ್ಸ್‌ನ ಹೈಸ್ಕೂಲಿನವನು. ಮೂರನೆಯವನಾದ ಪ್ಯಾಟ್ ಲಾಫಾಂಟೇನ್ ಮಿಶಿಗನ್‌ನಲ್ಲಿ ಬೆಳೆದವನಾದರೂ ಆ ವರ್ಷ ಆಡಿದ್ದು ಕೆನಡಾದ ಕ್ವಿಬೆಕ್ ಲೀಗಿನಲ್ಲಿ. ಅಮೆರಿಕದ್ದೇ ಆದ ಜೂನಿಯರ್ ಲೀಗಿನಿಂದ ಬಂದವರು ಈ ಮೂವರಲ್ಲಿ ಒಬ್ಬರೂ ಇಲ್ಲ.

2019ರ ಡ್ರಾಫ್ಟ್‌ಗೆ ಬಂದರೆ ಚಿತ್ರವೇ ಬೇರೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಎಂಟು ಮಂದಿ ಮಿಶಿಗನ್‌ನ ಒಂದೇ ರಾಷ್ಟ್ರೀಯ ತರಬೇತಿ ತಂಡದವರು. ಅವರಲ್ಲಿ ಮೊದಲಿಗ ಜ್ಯಾಕ್ ಹ್ಯೂಸ್. ಮೂವತ್ತಾರು ವರ್ಷಗಳ ಈ ಬದಲಾವಣೆಯನ್ನು ಒಳ್ಳೆಯ ಕೋಚ್‌ಗಳು, ಹೆಚ್ಚು ಮಂಜಿನಂಕಣಗಳು, ಹೆಚ್ಚು ಹಣ ಎಂದು ವಿವರಿಸುವುದು ವಾಡಿಕೆ. ಅದರಲ್ಲಿ ಸುಳ್ಳಿಲ್ಲ. ಆದರೆ ಕೆನಡಾದ ಮತ್ತು ಅಮೆರಿಕದ ಜೂನಿಯರ್ ಲೀಗುಗಳು ಅಮೆರಿಕದ ಹುಡುಗರಿಗಾಗಿ ನಡೆಸಿದ ಪೈಪೋಟಿಯ ಗತಿಯನ್ನು ನಿರ್ಧರಿಸಿದ್ದು ಎರಡೂ ಕಡೆಯವರು ಬರೆಯದ ಒಂದು ನಿಯಮ. ಅದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಅರ್ಹತಾ ನಿಯಮ. ಆ ನಿಯಮಕ್ಕೆ ಸಲ್ಲಬೇಕಾದ ಪಾಲನ್ನು ಇತಿಹಾಸಕಾರರು ಇನ್ನೂ ಕೊಟ್ಟಿಲ್ಲ ಎಂಬುದು ನನ್ನ ವಾದ.

ಕೆನಡಾದ ವ್ಯವಸ್ಥೆಯನ್ನು ಮೊದಲು ನೋಡೋಣ. ಅಲ್ಲಿ ಒಂಟಾರಿಯೊ, ಪಶ್ಚಿಮ ಮತ್ತು ಕ್ವಿಬೆಕ್ ಎಂಬ ಮೂರು ಮೇಜರ್ ಜೂನಿಯರ್ ಲೀಗುಗಳಿವೆ. 1975ರಿಂದ ಇವು ಒಂದೇ ಒಕ್ಕೂಟದ ಕೆಳಗಿವೆ. ಅದೇ ಇಂದಿನ ಕೆನಡಿಯನ್ ಹಾಕಿ ಲೀಗ್, ಅಂದರೆ ಸಿಎಚ್‌ಎಲ್. ಆಟಗಾರರು 16ರಿಂದ 20 ವರ್ಷದವರು. ಹದಿನಾರಕ್ಕೇ ಮನೆ ಬಿಟ್ಟ ಹುಡುಗ ತಂಡದ ಊರಿನಲ್ಲಿ ಯಾರದೋ ಮನೆಯಲ್ಲಿ ಉಳಿಯುತ್ತಾನೆ. ಅವನಿಗೆ ಊಟ ಹಾಕಿ ಶಾಲೆಗೆ ಕಳಿಸುವ ಆ ಮನೆಯವರನ್ನು ಬಿಲೆಟ್ ಕುಟುಂಬ ಎನ್ನುತ್ತಾರೆ. ಒಂಟಾರಿಯೊ ಮತ್ತು ಪಶ್ಚಿಮ ಲೀಗುಗಳಲ್ಲಿ ಸೀಸನ್ನಿಗೆ 68 ಪಂದ್ಯಗಳು. ವೃತ್ತಿಪರರ ದಿನಚರಿಗೆ ಇದಕ್ಕಿಂತ ಹತ್ತಿರದ ತಾಲೀಮು ಇನ್ನೊಂದಿಲ್ಲ. ಕೈಖರ್ಚಿಗೆ ಸಿಗುತ್ತಿದ್ದ ಭತ್ಯೆ ಮಾತ್ರ ಇತ್ತೀಚಿನವರೆಗೂ ತಿಂಗಳಿಗೆ 600 ಡಾಲರ್ ದಾಟುತ್ತಿರಲಿಲ್ಲ.

ಎನ್‌ಸಿಎಎ ದಶಕಗಳ ಕಾಲ ಈ ಲೀಗುಗಳನ್ನು ವೃತ್ತಿಪರ ಎಂದೇ ಪರಿಗಣಿಸಿತು. ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದ ಹುಡುಗರೂ ಅಲ್ಲಿ ಆಡುತ್ತಾರೆ, ಆಟಗಾರರಿಗೆ ಭತ್ಯೆ ಸಿಗುತ್ತದೆ ಎಂಬುದು ಅದರ ತರ್ಕ. ಪರಿಣಾಮ ಕಠೋರವಾಗಿತ್ತು. ಸಿಎಚ್‌ಎಲ್ ತಂಡದ ಪರ ಒಂದೇ ಒಂದು ಪಂದ್ಯ, ಅದೂ ಸೀಸನ್ ಪೂರ್ವದ ಪ್ರದರ್ಶನ ಪಂದ್ಯ ಆಡಿದರೂ ಕಾಲೇಜು ಹಾಕಿಯ ಬಾಗಿಲು ಮುಚ್ಚಬಹುದಿತ್ತು. ಹುಡುಗರು ಸಿಎಚ್‌ಎಲ್ ಶಿಬಿರಗಳಿಗೆ ಹೋದರೂ ತಂಡದ ಖರ್ಚಿನಲ್ಲಿ 48 ಗಂಟೆ ಮೀರಿ ಉಳಿಯುವಂತಿರಲಿಲ್ಲ. ಹದಿನಾರರ ಹುಡುಗನ ತಂದೆತಾಯಿ ಗಡಿಯಾರ ನೋಡಿಕೊಂಡು ಮಗನನ್ನು ಶಿಬಿರದಿಂದ ವಾಪಸ್ ಕರೆತರಬೇಕಾದಂಥ ನಿಯಮ ಇದು. ನಾಲ್ಕು ವರ್ಷದ ಕಾಲೇಜು ವಿದ್ಯಾರ್ಥಿವೇತನದ ಬೆಲೆ ಬಲ್ಲ ಯಾವ ಮಧ್ಯಮವರ್ಗದ ಮನೆಯೂ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಕಾಲೇಜಿಗೆ ಹೋಗಬೇಕೆಂದಿರುವ ಹುಡುಗ ಹೈಸ್ಕೂಲ್ ಮುಗಿದ ಮೇಲೆ ಎಲ್ಲಿ ಆಡಬೇಕು? ಅಮೆರಿಕದ ಜೂನಿಯರ್ ಲೀಗುಗಳು ಬೆಳೆದದ್ದು ಈ ಖಾಲಿ ಜಾಗದಲ್ಲಿ. ಯುನೈಟೆಡ್ ಸ್ಟೇಟ್ಸ್ ಹಾಕಿ ಲೀಗ್, ಅಂದರೆ ಯುಎಸ್‌ಎಚ್‌ಎಲ್, ಮೊದಲಿಗೆ ಮಧ್ಯ ಪಶ್ಚಿಮದ ವಯಸ್ಕರ ಲೀಗ್ ಆಗಿತ್ತು. 1977ರಲ್ಲಿ ಸೇಂಟ್ ಪಾಲ್ ವಲ್ಕನ್ಸ್‌ನಂಥ ಜೂನಿಯರ್ ತಂಡಗಳು ಅದರೊಳಕ್ಕೆ ಬಂದವು. 1979ರ ಹೊತ್ತಿಗೆ ವಯಸ್ಕರು ಹೊರಬಿದ್ದು ಅದು ಪೂರ್ತಿ ಹುಡುಗರ ಲೀಗಾಯಿತು. ಮಿಶಿಗನ್ ಸುತ್ತಮುತ್ತ 1975ರಲ್ಲಿ ಗ್ರೇಟ್ ಲೇಕ್ಸ್ ಲೀಗ್ ಎಂದು ಶುರುವಾದದ್ದು 1984ರಲ್ಲಿ ನಾರ್ತ್ ಅಮೆರಿಕನ್ ಹಾಕಿ ಲೀಗ್ ಎಂಬ ಹೆಸರು ಪಡೆಯಿತು. ಸಂಕ್ಷಿಪ್ತವಾಗಿ ಎನ್‌ಎಎಚ್‌ಎಲ್. ಯುಎಸ್‌ಎಚ್‌ಎಲ್‌ನ ಊರುಗಳ ಪಟ್ಟಿ ಓದಿದರೆ ಅಚ್ಚರಿಯಾಗುತ್ತದೆ. ವಾಟರ್‌ಲೂ, ಸೂ ಸಿಟಿ, ಡುಬ್ಯೂಕ್, ಲಿಂಕನ್, ಕರ್ನಿ: ಅಯೋವಾ, ನೆಬ್ರಾಸ್ಕಾಗಳ ಮೆಕ್ಕೆಜೋಳದ ಸೀಮೆಯ ಊರುಗಳೇ ಹೆಚ್ಚು. ದೊಡ್ಡ ವೃತ್ತಿಪರ ತಂಡಗಳಿಲ್ಲದ ಕಡೆ ಶನಿವಾರದ ರಾತ್ರಿಗೆ ಹದಿಹರೆಯದ ಹುಡುಗರ ಹಾಕಿಯೇ ಊರಿನ ಆಟವಾಯಿತು.

ಹಾಗೆಂದು ಕೆನಡಾದ ಲೀಗುಗಳು ಗಡಿಯಾಚೆ ಸುಮ್ಮನೆ ಕೂತಿರಲಿಲ್ಲ. 1976ರಲ್ಲಿ ಎಡ್ಮಂಟನ್‌ನ ತಂಡವೊಂದು ಆರೆಗನ್‌ನ ಪೋರ್ಟ್‌ಲ್ಯಾಂಡಿಗೆ ಬಂದು ವಿಂಟರ್ ಹಾಕ್ಸ್ ಆಯಿತು. 1983ರಲ್ಲಿ ಕೆನಡಾ ಜೂನಿಯರ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಅನ್ನು ಗೆದ್ದ ಮೊದಲ ಅಮೆರಿಕನ್ ತಂಡ ಅದು. ಟೂರ್ನಿ ನಡೆದದ್ದೂ ಪೋರ್ಟ್‌ಲ್ಯಾಂಡ್‌ನಲ್ಲೇ. ಅದೇ ಟೂರ್ನಿಗೆ ಕ್ವಿಬೆಕ್‌ನಿಂದ ಬಂದ ವರ್ಡನ್ ತಂಡದಲ್ಲಿ ಲಾಫಾಂಟೇನ್ ಇದ್ದ. ಆ ಸೀಸನ್ನಿನ 70 ಪಂದ್ಯಗಳಲ್ಲಿ ಅವನು 104 ಗೋಲು ಸೇರಿ 234 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು) ಗಳಿಸಿ, ಅದೇ ಲೀಗಿನಲ್ಲಿದ್ದ, ಮುಂದೆ ದಿಗ್ಗಜನಾದ ಮಾರಿಯೊ ಲೆಮ್ಯೂನನ್ನೇ ಹಿಂದೆ ಹಾಕಿದ್ದ. ಮಿಶಿಗನ್‌ನ ಮತ್ತೊಬ್ಬ ಹುಡುಗ ಮೈಕ್ ಮೊಡಾನೊ ಸಸ್ಕ್ಯಾಚ್ವಾನ್‌ನ ಪ್ರಿನ್ಸ್ ಆಲ್ಬರ್ಟ್‌ಗೆ ಹೋಗಿ ಆಡಿ 1988ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಅಂದಿನ ಲೆಕ್ಕ ಸರಳವಾಗಿತ್ತು: ಓದು ಬೇಕಾದವನು ಅಮೆರಿಕದಲ್ಲೇ ಉಳಿಯುತ್ತಿದ್ದ, ಬೇಗ ಎನ್‌ಎಚ್‌ಎಲ್ ಸೇರಬೇಕೆನ್ನುವವನು ಗಡಿ ದಾಟುತ್ತಿದ್ದ.

ಈ ಲೆಕ್ಕವನ್ನು ಕಲಕಿದ್ದು 1996. ಅಮೆರಿಕದ ಹಾಕಿ ಒಕ್ಕೂಟವಾದ ಯುಎಸ್‌ಎ ಹಾಕಿ ಆ ವರ್ಷ ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ ರಾಷ್ಟ್ರೀಯ ತಂಡ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ದೇಶದ ಉತ್ತಮ ಹುಡುಗರನ್ನು ಒಂದೇ ಊರಿನಲ್ಲಿಟ್ಟು, 17 ಮತ್ತು 18 ವರ್ಷದೊಳಗಿನವರ ಎರಡು ತಂಡ ಕಟ್ಟಿ, ಜೂನಿಯರ್, ಕಾಲೇಜು, ವಿದೇಶಿ ತಂಡಗಳೊಡನೆ ಆಡಿಸುವುದು ಯೋಜನೆ. ಕಾಲೇಜಿನ ಅರ್ಹತೆಗೆ ಧಕ್ಕೆಯಿಲ್ಲ. ಅದಕ್ಕೆ ಮುಂಚೆ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಸಾಧನೆ 1986 ಮತ್ತು 1992ರ ಎರಡು ಕಂಚು ಅಷ್ಟೇ. 2004ರಲ್ಲಿ ಮೊದಲ ಚಿನ್ನ ಬಂತು. 2025ರಲ್ಲಿ ಒಟ್ಟಾವಾದಲ್ಲಿ ಗೆದ್ದದ್ದು ಏಳನೆಯದು. ಕೆಲವರು ಈ ಕಾರ್ಯಕ್ರಮವನ್ನು ಉಳಿದ ತಂಡಗಳ ಕೆನೆ ತೆಗೆಯುವ ಯಂತ್ರ ಎಂದು ದೂರಿದ್ದುಂಟು. ದೂರು ನ್ಯಾಯವೇ, ಆದರೆ ಫಲಿತಾಂಶದ ಮುಂದೆ ಅದು ನಿಲ್ಲಲಿಲ್ಲ.

ಈ ಪೈಪೋಟಿಯ ಒಂದು ಕಟ್ಟಡದ ಕಥೆಯನ್ನು ಇಲ್ಲಿ ಹೇಳಬೇಕು. ಡೆಟ್ರಾಯಿಟ್ ಬಳಿಯ ಪ್ಲಿಮತ್‌ನಲ್ಲಿ ಕಂಪ್ಯೂವೇರ್ ಕಂಪನಿಯ ಹೆಸರಿನ ಮಂಜಿನಂಕಣವಿತ್ತು. ಒಂಟಾರಿಯೊ ಲೀಗಿನ ಪ್ಲಿಮತ್ ವೇಲರ್ಸ್ ತಂಡ ಅಲ್ಲಿ ಆಡುತ್ತಿತ್ತು. ಅಮೆರಿಕದ ನೆಲದ ಮೇಲೆ ಕೆನಡಾದ ದಾರಿಗೆ ಹಾಕಿದ ಲಂಗರು ಅದು. 2015ರಲ್ಲಿ ವೇಲರ್ಸ್ ಫ್ಲಿಂಟ್‌ಗೆ ಹೋಯಿತು. ಅದೇ ವರ್ಷ ಆ ಕಟ್ಟಡ ಯುಎಸ್‌ಎ ಹಾಕಿಯ ಕೈಗೆ ಬಂದು ರಾಷ್ಟ್ರೀಯ ಕಾರ್ಯಕ್ರಮದ ಮನೆಯಾಯಿತು.

ಯುಎಸ್‌ಎಚ್‌ಎಲ್‌ಗೆ 2002ರ ಹೊತ್ತಿಗೆ ದೇಶದ ಮೊದಲ ದರ್ಜೆಯ ಏಕೈಕ ಜೂನಿಯರ್ ಲೀಗ್ ಎಂಬ ಮಾನ್ಯತೆ ಸಿಕ್ಕಿತು. ಆಟಗಾರರ ಊಟ, ವಸತಿ, ಸಲಕರಣೆಯ ಖರ್ಚು ತಂಡದ್ದು. ಎರಡನೇ ದರ್ಜೆಯ ಎನ್‌ಎಎಚ್‌ಎಲ್‌ನಲ್ಲಿ ಬಿಲೆಟ್ ಮನೆಯ ಖರ್ಚನ್ನು ಹುಡುಗನ ಮನೆಯವರೇ ಕೊಡಬೇಕು. ಯುಎಸ್‌ಎಚ್‌ಎಲ್‌ನ ನಿಜವಾದ ಬಲ ಕಾಣಿಸುವುದು ಜೋ ಪಾವೆಲ್ಸ್ಕಿಯಂಥವರಲ್ಲಿ. ವಿಸ್ಕಾನ್ಸಿನ್‌ನ ಈ ಹುಡುಗನನ್ನು 2003ರ ಡ್ರಾಫ್ಟ್‌ನಲ್ಲಿ ಕರೆದದ್ದು 205ನೆಯವನಾಗಿ. ವಾಟರ್‌ಲೂ ಬ್ಲ್ಯಾಕ್ ಹಾಕ್ಸ್ ಪರ ಎರಡು ಸೀಸನ್ ಆಡಿ, 2004ರಲ್ಲಿ ಲೀಗಿನ ಕ್ಲಾರ್ಕ್ ಕಪ್ ಗೆದ್ದು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋಗಿ 2006ರಲ್ಲಿ ಕಾಲೇಜು ಚಾಂಪಿಯನ್ ಆಗಿ, ಆಮೇಲೆ ಎನ್‌ಎಚ್‌ಎಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಾಯಿಂಟ್ ಗಳಿಸಿದ. ನಿಧಾನವಾಗಿ ಮಾಗುವ ಆಟಗಾರನಿಗೆ ಅಮೆರಿಕದ ದಾರಿ ಕೊಟ್ಟದ್ದು ಮುಖ್ಯವಾಗಿ ಕಾಲಾವಕಾಶ. ಕೆನಡಾದ ದಾರಿಯಲ್ಲಿ ಇಪ್ಪತ್ತೊಂದಕ್ಕೆ ಜೂನಿಯರ್ ಬದುಕು ಮುಗಿಯುತ್ತದೆ. ಕಾಲೇಜಿನಲ್ಲಿ ಆ ವಯಸ್ಸಿಗೆ ಎಷ್ಟೋ ಹುಡುಗರು ಮೊದಲ ವರ್ಷದಲ್ಲಿರುತ್ತಾರೆ.

ಆದರೂ ಪ್ರತಿಭೆಯ ತುದಿಯಲ್ಲಿದ್ದವರು ಕೈತಪ್ಪುತ್ತಲೇ ಇದ್ದರು. ಬಫಲೋದ ಪ್ಯಾಟ್ರಿಕ್ ಕೇನ್ ಎರಡು ವರ್ಷ ರಾಷ್ಟ್ರೀಯ ಕಾರ್ಯಕ್ರಮದಲ್ಲಿದ್ದು, 2006ರಲ್ಲಿ ಒಂಟಾರಿಯೊದ ಲಂಡನ್ ನೈಟ್ಸ್ ಸೇರಿ, ಒಂದೇ ಸೀಸನ್ನಿನಲ್ಲಿ 145 ಪಾಯಿಂಟ್ ಗಳಿಸಿ 2007ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಬರುವೆನೆಂದಿದ್ದ ಗೋಲ್‌ಕೀಪರ್ ಜ್ಯಾಕ್ ಕ್ಯಾಂಪ್‌ಬೆಲ್ 2010ರಲ್ಲಿ ಒಂಟಾರಿಯೊ ಲೀಗಿನ ವಿಂಡ್ಸರ್‌ಗೆ ಹೋದ. ಅಮೆರಿಕದ ತೆರಿಗೆದಾರರ ಮಕ್ಕಳನ್ನು ಅಮೆರಿಕದ ಒಕ್ಕೂಟ ಬೆಳೆಸುವುದು, ಕೊಯ್ಲು ಕೆನಡಾದ ತಂಡಗಳದ್ದು ಎಂಬ ಅಸಮಾಧಾನ ಕಾಲೇಜು ಕೋಚ್‌ಗಳಲ್ಲಿ ಬೆಳೆಯಿತು. 2009ರಲ್ಲಿ ಕಾಲೇಜು ಹಾಕಿಯವರು ಕಾಲೇಜ್ ಹಾಕಿ ಇಂಕ್ ಎಂಬ ಸಂಸ್ಥೆ ಕಟ್ಟಿ, ಎನ್‌ಎಚ್‌ಎಲ್ ಆಟಗಾರರ ಸಂಘದ ಮುಖ್ಯಸ್ಥನಾಗಿದ್ದ ಪಾಲ್ ಕೆಲ್ಲಿಯನ್ನು ಅದರ ತಲೆಯಾಳಾಗಿ ಮಾಡಿದರು. ಹದಿನೈದರ ಹುಡುಗರ ಮನೆಯವರಿಗೆ ಕಾಲೇಜಿನ ದಾರಿಯ ಮಹತ್ವ ಹೇಳುವುದೇ ಅದರ ಕೆಲಸ. ಕೆನಡಾದ ಕಡೆಯೂ ಆಟ ಸದಾ ಶುದ್ಧವಾಗಿರಲಿಲ್ಲ. 2012ರಲ್ಲಿ ಒಂಟಾರಿಯೊ ಲೀಗ್ ತನ್ನದೇ ವಿಂಡ್ಸರ್ ಸ್ಪಿಟ್‌ಫೈರ್ಸ್ ತಂಡಕ್ಕೆ ಆಟಗಾರರ ನೇಮಕದ ನಿಯಮ ಮುರಿದ ಕಾರಣಕ್ಕೆ 4 ಲಕ್ಷ ಡಾಲರ್ ದಂಡ ಹಾಕಿ, ಲೀಗಿನ ಸ್ವಂತ ಡ್ರಾಫ್ಟ್‌ನ ಮುಂದಿನ ಸರದಿಗಳನ್ನೂ ಕಿತ್ತುಕೊಂಡಿತು. ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು.

ವಿಚಿತ್ರವೆಂದರೆ ಎನ್‌ಸಿಎಎಯ ಅದೇ ನಿಯಮ ಹರಿವನ್ನು ತಿರುಗಿಸಲೂ ಕಾರಣವಾಯಿತು. ಕಾಲೇಜು ಬಯಸುವ ಕೆನಡಾದ ಹುಡುಗರೇ ಯುಎಸ್‌ಎಚ್‌ಎಲ್‌ಗೆ ಬರತೊಡಗಿದರು. ಓವನ್ ಪವರ್, ಆ್ಯಡಂ ಫ್ಯಾಂಟಿಲಿ, ಮ್ಯಾಕ್ಲಿನ್ ಸೆಲೆಬ್ರಿನಿ ಮೂವರೂ ಕೆನಡಾದವರು, ಮೂವರೂ ಷಿಕಾಗೊ ಸ್ಟೀಲ್ ತಂಡದಲ್ಲಿ ಆಡಿ ಕಾಲೇಜಿಗೆ ಹೋದವರು. ಪವರ್ 2021ರಲ್ಲಿ, ಸೆಲೆಬ್ರಿನಿ 2024ರಲ್ಲಿ ಡ್ರಾಫ್ಟ್‌ನ ಮೊದಲಿಗರು. ಬ್ರಿಟಿಷ್ ಕೊಲಂಬಿಯಾದ ಬಿಸಿಎಚ್‌ಎಲ್ ಕೂಡ ಇದೇ ಕಾಲೇಜು ಮಾರುಕಟ್ಟೆಯನ್ನು ನಂಬಿ 2023ರಲ್ಲಿ ಹಾಕಿ ಕೆನಡಾದಿಂದ ಹೊರಬಂತು.

ನಿಯಮ ಬಿದ್ದದ್ದು ಕೋರ್ಟಿನ ಭಯದಿಂದ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ಲಕ್ಷಗಟ್ಟಲೆ ಡಾಲರ್ ಗಳಿಸುವುದು ಕಾನೂನುಬದ್ಧವಾಗಿತ್ತು. ಹಾಗಿರುವಾಗ ಕೈಖರ್ಚಿನ 600 ಡಾಲರ್ ಪಡೆದವನನ್ನು ವೃತ್ತಿಪರ ಎನ್ನುವುದು ನಗೆಪಾಟಲಿನ ಮಾತಾಗಿತ್ತು. ವಿಂಡ್ಸರ್ ಪರ ಎರಡು ಪ್ರದರ್ಶನ ಪಂದ್ಯ ಆಡಿ ಅರ್ಹತೆ ಕಳೆದುಕೊಂಡಿದ್ದ ಆಟಗಾರನೊಬ್ಬನ ಪರವಾಗಿ 2024ರ ಆಗಸ್ಟ್‌ನಲ್ಲಿ ಬಫಲೋದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಅದೇ ವರ್ಷದ ನವೆಂಬರ್ 7ರಂದು ಎನ್‌ಸಿಎಎ ಮೊದಲ ವಿಭಾಗದ ಮಂಡಳಿ ನಿಷೇಧ ತೆಗೆಯಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್ ಆಟಗಾರರು ಕಾಲೇಜಿಗೆ ಅರ್ಹರಾದರು.

ಪರಿಣಾಮಕ್ಕೆ ಕಾಯಬೇಕಾಗಲಿಲ್ಲ. ಬಿಸಿಎಚ್‌ಎಲ್‌ನ ಪೆಂಟಿಕ್ಟನ್ ವೀಸ್ ಪಶ್ಚಿಮ ಲೀಗಿಗೆ ಹೋಯಿತು. 2025ರ ಜುಲೈನಲ್ಲಿ ಅದೇ ಲೀಗಿನ ಮೆಡಿಸಿನ್ ಹ್ಯಾಟ್ ತಂಡದ ಪ್ರಮುಖ ಆಟಗಾರ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರುವುದಾಗಿ ಘೋಷಿಸಿದ. ಮೊದಲ ವಿಭಾಗದ ಹಾಕಿಗೆ ಬಂದು ಆ ವಿಶ್ವವಿದ್ಯಾಲಯಕ್ಕೆ ಹದಿಮೂರೇ ವರ್ಷವಾಗಿತ್ತು. ಇನ್ನು ಮುಂದೆ ಅಮೆರಿಕದ ಹುಡುಗನೊಬ್ಬ ಹದಿನಾರಕ್ಕೆ ಒಂಟಾರಿಯೊಗೆ ಹೋಗಿ, ಹತ್ತೊಂಬತ್ತಕ್ಕೆ ಬಾಸ್ಟನ್‌ನ ಕಾಲೇಜಿಗೆ ಬರಬಹುದು. ಯುಎಸ್‌ಎಚ್‌ಎಲ್‌ನ ದೊಡ್ಡ ಆಕರ್ಷಣೆಯಾಗಿದ್ದ ಕಾಲೇಜಿನ ಭರವಸೆ ಈಗ ಎಲ್ಲರ ಅಂಗಡಿಯಲ್ಲೂ ಸಿಗುವ ಸರಕು.

ಹಾಗಾದರೆ ಯುಎಸ್‌ಎಚ್‌ಎಲ್ ಬರೀ ನಿಯಮದ ನೆರಳಿನ ಗಿಡವೇ? ಅಷ್ಟು ಖಂಡಿತವಾಗಿ ನಾನು ಹೇಳಲಾರೆ. ಷಿಕಾಗೊ ಸ್ಟೀಲ್‌ನಂಥ ತಂಡಗಳು ಕಾಲೇಜಿಗಾಗಿ ಬಂದ ಹುಡುಗರನ್ನು ನಿಜವಾಗಿಯೂ ಉತ್ತಮಪಡಿಸಿದವು. ಆದರೆ 2024ಕ್ಕೆ ಮುಂಚಿನ ಸಾಧನೆಯನ್ನು ಅಳೆಯುವಾಗ ಎದುರಾಳಿಯ ಒಂದು ಕೈ ಕಟ್ಟಿಹಾಕಲಾಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹೆಚ್ಚಿನ ಬಿಸಿ ತಟ್ಟುವುದು ಎನ್‌ಎಎಚ್‌ಎಲ್‌ಗೆ. ಅದರ ಇಪ್ಪತ್ತರ ಹುಡುಗ ಇಷ್ಟುದಿನ ಕಾಲೇಜಿನ ಮೂರನೇ, ನಾಲ್ಕನೇ ಸಾಲಿನಲ್ಲಿ ಜಾಗ ಹುಡುಕುತ್ತಿದ್ದ. ಕಾಲೇಜು ತಂಡಗಳ ಗಾತ್ರಕ್ಕೆ ಮಿತಿ ಹಾಕಿದ, 2025ರ ಹೌಸ್ ಎಂಬ ನ್ಯಾಯಾಲಯದ ರಾಜಿ ಒಪ್ಪಂದಕ್ಕೆ ಸೇರಿದ ಕಾಲೇಜುಗಳ ಹಾಕಿ ತಂಡದಲ್ಲಿ ಈಗ 26 ಮಂದಿಗಷ್ಟೇ ಜಾಗ, ಆ ಜಾಗಕ್ಕೆ ಸಿಎಚ್‌ಎಲ್‌ನ ಅನುಭವಿಗಳೂ ಸಾಲು ನಿಂತಿದ್ದಾರೆ. ಡ್ರಾಫ್ಟ್ ಪಟ್ಟಿಯಲ್ಲಿ ಹೆಸರೇ ಇಲ್ಲದ ಈ ಹುಡುಗರು ನಮ್ಮ ಅಧ್ಯಯನಗಳಿಗೆ ಇದುವರೆಗೆ ಸಿಕ್ಕಿಲ್ಲ. ಮುಂದಿನ ಸಂಶೋಧಕರು ಡ್ರಾಫ್ಟ್ ಪಟ್ಟಿಯನ್ನು ಬದಿಗಿಟ್ಟು, 2025ರ ಹಿಂದಿನ ಮತ್ತು ಮುಂದಿನ ಕಾಲೇಜು ತಂಡಗಳ ಆಟಗಾರರ ಪಟ್ಟಿಗಳನ್ನು ಜೋಡಿಸಿ ಓದಬೇಕು.